ಒಂದು ಗಂಟೆಯ ಬಸ್ಸು

ದುಬಲಗುಂಡಿಯ ನಮ್ಮ ಓಣಿಯ ಅಂಗನವಾಡಿ ಗೋಡೆಯ ಮೇಲೆ ಅವ್ವನ ಮೊಬೈಲ್ ನಂಬರನ್ನು ನೀಲಿ ಬಣ್ಣದಲ್ಲಿ ಬರೆಸಿದ್ದಾರೆ. ಅವ್ವ ಊರಿನ ಆಶಾ ಕಾರ್ಯಕರ್ತೆ. ಅಕ್ಷರ ಬಾರದ ಅತ್ತೆಯಂದಿರಿಗೂ ಆ ಹತ್ತು ಅಂಕೆ ಬಾಯಿಪಾಠ. ಸೊಸೆಗೆ ನೋವು ಶುರುವಾದರೆ ಮೊದಲು ಆ ನಂಬರಿಗೆ ಫೋನ್ ಹಚ್ಚುತ್ತಾರೆ. ಅವ್ವ ಆಂಬುಲೆನ್ಸಿಗೆ ಹೇಳಿ, ಚೀಲ ಹೆಗಲಿಗೇರಿಸಿ, ಬಸುರಿಯ ಜೊತೆಗೇ ಹುಮನಾಬಾದಿನ ಆಸ್ಪತ್ರೆಗೆ ಹೋಗುತ್ತಾಳೆ. ಇಷ್ಟು ವರ್ಷಗಳಲ್ಲಿ ಆ ಫೋನು ಯಾರಿಗೂ ಕೈ ಕೊಟ್ಟದ್ದಿಲ್ಲ. ಅದರ ಬಾಯಿ ಮುಚ್ಚಿಸಿದವಳು ನಾನು. ಅದೂ ಸುಮ್ಮನೆ ಅಲ್ಲ, ವಾದ ಮಾಡಿ, ಪುರಾವೆ ಒದಗಿಸಿ, ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಕೋಷ್ಟಕ ಬರೆದು.

ಅವ್ವನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಈಗ ಬಸುರಿಯರ ವಿವರ, ಮಕ್ಕಳ ತೂಕ, ಚುಚ್ಚುಮದ್ದು ಎಲ್ಲವನ್ನೂ ಮೊಬೈಲಿನಲ್ಲೇ ತುಂಬಬೇಕು. ಬಸವಕಲ್ಯಾಣದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳಲು ಸೇರಿದ್ದ ನಾನು ಮೊದಲ ಸಂಬಳಗಳನ್ನು ಕೂಡಿಸಿ ಅವಳಿಗೊಂದು ಸ್ಮಾರ್ಟ್‌ಫೋನ್ ಕೊಂಡೆ. ಹಳೆಯ ಕಂಪನಿಯ ಸಿಮ್ಮಿನಲ್ಲಿ ಮಾತು ಸ್ಪಷ್ಟ, ಆದರೆ ಇಂಟರ್ನೆಟ್ ಆಮೆಯ ನಡಿಗೆ. ಒಂದು ಫೋಟೊ ಮೇಲೇರುವಷ್ಟರಲ್ಲಿ ಅವ್ವನ ರೊಟ್ಟಿ ಬೆಂದು ಹೊತ್ತಿರುತ್ತಿತ್ತು. ನಂಬರು ಅದೇ ಇರಬೇಕು, ಕಂಪನಿ ಬದಲಾಗಬೇಕು. ಯಾವ ಕಂಪನಿ ಎಂಬುದಷ್ಟೇ ಪ್ರಶ್ನೆ.

ನಾನು ಜಾಹೀರಾತು ನಂಬುವವಳಲ್ಲ. ಕಂಪನಿಗಳ ನಕ್ಷೆ ತೆರೆದರೆ ಇಡೀ ತಾಲ್ಲೂಕಿಗೆ ಯಾರೋ ಅರಿಶಿನ ಚೆಲ್ಲಿದ ಹಾಗೆ ಒಂದೇ ಬಣ್ಣ. ಹಳ್ಳ, ಗುಡ್ಡ, ಹೊಲ ಎಲ್ಲ ಕಡೆ ಸಿಗ್ನಲ್ ಅಂತೆ. ನಕ್ಷೆ ಬರೆದವರೇ ಸಿಮ್ ಮಾರುವವರಾದರೆ ಆ ಸಾಕ್ಷಿಗೆ ಏನು ಬೆಲೆ? ಹಾಗಾಗಿ ಬಸವಕಲ್ಯಾಣದಿಂದ ಊರಿಗೆ ಬರುವಾಗಲೆಲ್ಲ ಪಕ್ಕದ ಸೀಟಿನವರ ಫೋನನ್ನು ಕೇಳಿ ಇಸಕೊಂಡು ನೋಡುತ್ತಿದ್ದೆ. ರಾಜೇಶ್ವರದ ಸ್ಟಾಪಿನಲ್ಲಿ ಸಿಗ್ನಲ್ಲಿನ ಎಷ್ಟು ಕಡ್ಡಿ, ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು, ನಮ್ಮೂರ ಬಸ್ಸು ಹತ್ತಿದ ಮೇಲೆ ಎಷ್ಟು. ಒಬ್ಬ ಕಂಡಕ್ಟರು, "ಏನ್ರೀ ಮೇಡಂ, ಟಿಕೆಟ್ ಚೆಕಿಂಗ್ ಬಿಟ್ಟು ಟವರ್ ಚೆಕಿಂಗ್ ಶುರು ಮಾಡೀರೇನ್ರಿ?" ಎಂದು ಬಸ್ಸನ್ನೆಲ್ಲ ನಗಿಸಿದ್ದ.

ಪ್ಲ್ಯಾನುಗಳ ಲೆಕ್ಕದಲ್ಲೂ ನಾನು ಬಿಟ್ಟವಳಲ್ಲ. "ನೋಡವ್ವಾ, ಇವರ ತಿಂಗಳು ಇಪ್ಪತ್ತೆಂಟೇ ದಿನದ್ದು. ವರ್ಷಕ್ಕ ಹದಿಮೂರು ಸಲ ರೀಚಾರ್ಜ್ ಮಾಡಸ್ತಾರ. ಇದು ಖರೇ ಮೋಸ" ಎಂದೆ.

ಅವ್ವ ಕಾಳು ಆರಿಸುವುದನ್ನು ನಿಲ್ಲಿಸದೆ ಹೇಳಿದಳು: "ಮೋಸ ಯಾಕಾಗ್ತದ? ಬಸುರೀದೂ ಹಂಗೇ ಎಣಸ್ತೀವಿ. ಇಪ್ಪತ್ತೆಂಟ್ರಂಗ ಹತ್ತು ತಿಂಗಳು. ನಿನ್ನೂ ಹಂಗೇ ಎಣಿಸೇ ಹಡದೇನಿ."

ನಾನು ನೋಟ್‌ಬುಕ್ಕು ಮುಚ್ಚಿದೆ.

ಇಂಥ ವಾದಕ್ಕೆ ಉತ್ತರ ಕೊಡಬಲ್ಲವಳು ನನ್ನ ಗೆಳತಿ. ಕಾಲೇಜಿನ ಮೂರೂ ವರ್ಷ ಚರ್ಚಾಸ್ಪರ್ಧೆಗಳಲ್ಲಿ ನಾವಿಬ್ಬರೂ ಜೋಡಿ. ನಾನು ವಿಷಯ ಮಂಡಿಸುವವಳು, ಅವಳು ಖಂಡಿಸುವವಳು. ಪರ, ವಿರೋಧ ಯಾವ ಪಕ್ಷದ ಚೀಟಿ ಬಂದರೂ ನಾವು ಅದೇ ಸತ್ಯವೆಂಬಂತೆ ಮಾತಾಡಿ ಕಪ್ ಹಿಡಿದು ರಾತ್ರಿಯೊಳಗೆ ಊರು ಸೇರುತ್ತಿದ್ದೆವು. ಅವಳು ನನಗೊಂದು ಸೂತ್ರ ಕಲಿಸಿದ್ದಳು: "ಎದುರಿನವ್ರು ಏನ್ ಹೇಳ್ತಾರ ಅನ್ನೋದನ್ನ ಎಲ್ಲಾರೂ ಕೇಳ್ತಾರ. ಏನ್ ಹೇಳವಲ್ರು ಅನ್ನೋದನ್ನ ನೀ ಕೇಳು." ಈಗ ಅವಳು ಹುಮನಾಬಾದಿನಲ್ಲಿ ಒಂದು ಮೊಬೈಲ್ ಕಂಪನಿಯ ಕೌಂಟರಿನಲ್ಲಿ ಕೂರುತ್ತಿದ್ದಳು.

ನನ್ನ ಕೋಷ್ಟಕ ನೋಡಿ ನಕ್ಕಳು. "ಇದೆಲ್ಲಾ ಬಸ್ಸಿನಾಗಿನ ಪುರಾವೆ. ನಿಮ್ಮವ್ವ ಬಸ್ಸಿನಾಗ ಇರ್ತಾಳೇನು? ಮನ್ಯಾಗ ಹಚ್ಚಿ ನೋಡೋಣು. ಐತವಾರ ಬರ್ತೀನಿ, ನಮ್ಮ ಕಂಪನಿ ಸಿಮ್ ತಗೊಂಡು."

"ಎಷ್ಟಕ್ಕ ಬರ್ತಿ?"

"ಹತ್ತಕ್ಕ. ಒಂದು ಗಂಟಿ ಬಸ್ಸಿಗೆ ಹೋಗಿಬಿಡ್ತೀನಿ, ಮಧ್ಯಾಹ್ನ ಕೆಲಸ ಅದ."

ಬಂದಳು. ನಮ್ಮದು ದಪ್ಪ ಕಲ್ಲುಗೋಡೆಯ ಮನೆ. ಒಳಕೋಣೆಯಲ್ಲಿ ಸಿಗ್ನಲ್ ಸಾಯುತ್ತದೆಂದು ನನ್ನ ಅನುಮಾನ. ಅಡುಗೆಮನೆ, ಪಡಸಾಲೆ, ಹಿತ್ತಲಿನ ಬಚ್ಚಲು, ದನದ ಕೊಟ್ಟಿಗೆ ಎಲ್ಲ ಕಡೆ ನಿಂತು ಹಚ್ಚಿ ನೋಡಿದೆವು. ಕಾಳಿನ ಕಣಜದ ಹಿಂದೆ ಕೂಡ ನಾಲ್ಕು ಕಡ್ಡಿ. ಫೋಟೊ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಅವಳ ಕಂಪನಿಯ ಟವರು ಊರ ಆಚೆ ಹೊಸದಾಗಿ ನಿಂತಿತ್ತು. ಹಳೆಯ ಕಂಪನಿಯ ಟವರಿನ ಜನರೇಟರು ನನ್ನ ಪರೀಕ್ಷೆಯ ದಿನಗಳಲ್ಲೆಲ್ಲ ಧಡಧಡ ಎಂದು ತಲೆ ತಿಂದದ್ದು. ಇದು ಎಷ್ಟು ಶಾಂತವಾಗಿದೆ ಎಂದು ನಾನೇ ಮೆಚ್ಚಿ ಹೇಳಿದೆ. ಗೆಳತಿ ಏನೂ ಹೇಳಲಿಲ್ಲ. ಅವಳು ಏನು ಹೇಳಲಿಲ್ಲ ಎಂಬುದನ್ನು ನಾನು ಕೇಳಿಸಿಕೊಳ್ಳಲಿಲ್ಲ.

ಅವ್ವನಿಗೆ ಮಾತ್ರ ಅಳುಕು. "ಹಳೇದು ಇರ್ಲಿ ಬಿಡವ್ವಾ. ಈ ಫೋನಿನಾಗ ಎರಡು ಸಿಮ್ ಹಾಕಾಕ ಬರ್ತದಂತಲ್ಲ?"

"ಎರಡು ಸಿಮ್ಮಂದ್ರ ಎರಡು ರೀಚಾರ್ಜ್ ರೀ ಅತ್ತಿ. ಒಂದು ಬಿಟ್ಟ್ರ ಆ ನಂಬರೇ ಹೋಗ್ತದ. ಗ್ವಾಡಿ ಮ್ಯಾಲಿನ ನಂಬರ್ ಒಂದೇ, ಅದನ್ನೇ ಚಲೋ ಕಂಪನಿಗಿ ತಂದುಬಿಡ್ರಿ" ಎಂದಳು ಗೆಳತಿ.

ನಾನು ಅನುಮೋದಿಸಿದೆ. ಮೂರೂ ವರ್ಷ ಮಾಡಿದಂತೆ, ಅವಳು ಬಿಟ್ಟಲ್ಲಿಂದ ಎತ್ತಿಕೊಂಡು ಇನ್ನೂ ನಾಲ್ಕು ಕಾರಣ ಸೇರಿಸಿದೆ. ಇಬ್ಬರ ಎದುರು ಅವ್ವ ಒಬ್ಬಳೇ. "ನೀವೇ ಕಲ್ತವ್ರು" ಎಂದು ಹೆಬ್ಬೆಟ್ಟನ್ನು ಗೆಳತಿ ತಂದಿದ್ದ ಬೆರಳಚ್ಚಿನ ಯಂತ್ರದ ಮೇಲಿಟ್ಟಳು. ಗೆಳತಿ ಅವ್ವ ಮಾಡಿದ ಝುಣಕ ರೊಟ್ಟಿ ಉಂಡು ಒಂದು ಗಂಟೆಯ ಬಸ್ಸಿಗೆ ಹೋದಳು.

ನಂಬರು ಹೊಸ ಕಂಪನಿಗೆ ಬಂದ ಎರಡನೇ ವಾರ, ಒಂದು ಗುರುವಾರ, ಊರ ಹೊರಗಿನ ಕುರಿ ಸಾಕುವವರ ಮನೆಯಲ್ಲಿ ಕಿರಿಯ ಸೊಸೆಗೆ ದಿನ ತುಂಬುವ ಮೊದಲೇ ನೋವು ಬಂತು. ಮಧ್ಯಾಹ್ನ ಎರಡರ ಸುಮಾರು. ಗಂಡಸರು ಕುರಿ ಹಿಂದೆ. ಮನೆಯಲ್ಲಿದ್ದದ್ದು ಅತ್ತೆ ಮತ್ತು ಏಳು ತಿಂಗಳು ತುಂಬಿದ ಹಿರಿಯ ಸೊಸೆ. ಅತ್ತೆ ಅವ್ವನಿಗೆ ಐದು ಸಲ ಹಚ್ಚಿದಳು. ಕೊನೆಗೆ ರಸ್ತೆಗಿಳಿದು ಉಳ್ಳಾಗಡ್ಡಿ ಮೂಟೆ ತುಂಬಿದ ಟೆಂಪೊಗೆ ಅಡ್ಡ ನಿಂತಳು. ಹುಮನಾಬಾದ್ ಮುಟ್ಟುವ ಮೊದಲೇ, ಮೂಟೆಗಳ ನಡುವೆ, ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಉಳಿದರು. ಆ ಹೊತ್ತಿಗೆಲ್ಲ ಅವ್ವ ಮನೆಯ ಪಡಸಾಲೆಯಲ್ಲೇ ಇದ್ದಳು. ಫೋನು ಕೈಯಳತೆಯಲ್ಲಿತ್ತು.

ಬಾಣಂತಿಯನ್ನು ನೋಡಲು ಹೋದ ಅವ್ವನನ್ನು ಆ ಅತ್ತೆ ಒಳಗೆ ಕರೆಯಲಿಲ್ಲ. ಹೊಸ್ತಿಲಿಗೆ ಅಡ್ಡವಾಗಿ ನಿಂತು ಕೇಳಿದಳಂತೆ: "ನಿದ್ದಿ ಚಂದಾಗಿ ಹತ್ತಿತ್ತೇನು?"

"ಯಾವ ನಿದ್ದಿ ಅತ್ತಿ? ನಾ ಎದ್ದೇ ಇದ್ನಲ್ಲ."

"ಮತ್ತ ಫೋನ್ ಯಾಕ ಬಂದ್ ಮಾಡಿಟ್ಟಿದ್ದಿ?"

"ಮಾಡಿಲ್ಲ ಅತ್ತಿ. ನನ್ನ ಮಗಳಾಣಿ."

"ಫೋನಿನಾಗ ಆ ಹೆಣ್ಮಗಳು ಹೇಳಿದ್ಳಲ್ಲ, ಬಂದ್ ಮಾಡ್ಯಾರ ಅಂತ. ಒಂದ್ಸಲ ಅಲ್ಲ, ಐದು ಸಲ. ಆಕಿಗಿ ನಿನ್ನ ಮ್ಯಾಲ ಏನು ಹಗೀತನ ಅದ, ಸುಳ್ಳ ಹೇಳಾಕ?"

ಹೌದು, ಆ ಹೆಣ್ಣುದನಿ ಸುಳ್ಳು ಹೇಳಿತ್ತು. ಕಂಪನಿಯ ಟವರು ಸತ್ತಿದ್ದರೆ 'ನಮ್ಮ ಟವರು ಸತ್ತಿದೆ' ಎನ್ನಬೇಕು. ಅದು ಅಚ್ಚ ಕನ್ನಡದಲ್ಲಿ, ವಿನಯದಿಂದ, ತಪ್ಪನ್ನು ಅವ್ವನ ಮೇಲೆ ಹಾಕಿತ್ತು. ಸಂಜೆಯೊಳಗೆ ಮಾತು ಓಣಿಗಳಲ್ಲಿ ತಿರುಗಿತು: ಮಗಳು ದೊಡ್ಡ ಫೋನು ಕೊಡಿಸಿದಾಳ, ಈಗ ಬಡವರ ಫೋನು ಎತ್ತೂದಿಲ್ಲ.

ಅವ್ವ ಇದನ್ನೆಲ್ಲ ಹೇಳಿದ್ದು ಆ ಐತವಾರ ನಾನು ಊರಿಗೆ ಬಂದಾಗ. ನಾನು ನಂಬಲಿಲ್ಲ, ಫೋನು ಎದುರಿಗಿಟ್ಟುಕೊಂಡು ಕೂತೆ. ಹತ್ತಕ್ಕೆ ನಾಲ್ಕು ಕಡ್ಡಿ. ಹನ್ನೆರಡಕ್ಕೆ ನಾಲ್ಕು ಕಡ್ಡಿ. ಒಂದು ಗಂಟೆ ದಾಟುತ್ತಲೇ ದಿನದ ಪದ್ಧತಿಯಂತೆ ಕರೆಂಟು ಹೋಯಿತು. ಫ್ಯಾನಿನ ರೆಕ್ಕೆ ಪೂರ್ತಿ ನಿಲ್ಲುವ ಮೊದಲೇ ನಾಲ್ಕೂ ಕಡ್ಡಿ ಮಾಯ. ಹೊರಗೆ, ಊರಿನ ಇನ್ನೊಂದು ತುದಿಯಲ್ಲಿ, ಹಳೆಯ ಕಂಪನಿಯ ಜನರೇಟರು ಧಡಧಡ ಶುರುವಾಯಿತು. ನಾನು ಮೆಚ್ಚಿದ ಶಾಂತಿಯ ಅರ್ಥ ಆಗ ತಿಳಿಯಿತು. ಅದರ ಬೆನ್ನಿಗೇ ಒಂದು ಗಂಟೆಯ ಬಸ್ಸು ನೆನಪಾಯಿತು.

ನಾನು ಹುಟ್ಟಿ ಬೆಳೆದ ಊರು. ಮಧ್ಯಾಹ್ನ ಕರೆಂಟಿರುವುದಿಲ್ಲ ಎಂದು ಕೂಸಿಗೂ ಗೊತ್ತು. ಹಾಗಿದ್ದೂ ಪರೀಕ್ಷೆಯ ವೇಳೆಯನ್ನು ಎದುರು ಪಕ್ಷಕ್ಕೆ ಬಿಟ್ಟುಕೊಟ್ಟಿದ್ದೆ. ಅವಳನ್ನು ಎದುರು ಪಕ್ಷ ಎಂದು ನಾನು ಎಣಿಸಿಯೇ ಇರಲಿಲ್ಲ, ಅಷ್ಟೇ.

ಮರುದಿನ ಕ್ಲಾಸಿಗೆ ರಜೆ ಹೇಳಿ ಹುಮನಾಬಾದಿನ ಕೌಂಟರಿಗೆ ಹೋದೆ.

"ಕರೆಂಟ್ ಹೋದ್ರ ನಮ್ಮೂರ ಟವರ್ ಬಂದ್ ಆಗ್ತದ ಅಂತ ನಿನಗ ಗೊತ್ತಿತ್ತೇನು?"

"ಮೊದಲ ಕುಂದ್ರು. ಚಾ ತರಸ್ತೀನಿ."

"ಹೌದು ಇಲ್ಲ ಹೇಳು."

ಅವಳು ಕೈಯಲ್ಲಿದ್ದ ಫಾರ್ಮಿಗೆ ಸೀಲು ಒತ್ತಿ ಬದಿಗಿಟ್ಟಳು. "ಗೊತ್ತಿತ್ತು. ಅಲ್ಲಿ ಜನರೇಟರ್ ಇಲ್ಲ, ಇದ್ದ ಬ್ಯಾಟರಿ ಕೆಟ್ಟು ಭಾಳ ದಿನ ಆತು. ನಿಮ್ಮೂರಿನವ್ರು ಮೂರ್ನಾಕು ಮಂದಿ ಕಂಪ್ಲೇಂಟ್ ಬರ್ಕೊಟ್ಟು ಹೋಗ್ಯಾರ."

"ನನಗ ಹೇಳಲಿಲ್ಲ."

"ನೀ ಕೇಳಲಿಲ್ಲ."

ಸುತ್ತ ಜನ. ನಾನು ದನಿ ತಗ್ಗಿಸಿದೆ. ಸ್ಪರ್ಧೆಗಳಲ್ಲಿ ಸಿಟ್ಟು ಬಂದಾಗ ಹಾಗೆ ಮಾಡು ಎಂದು ಕಲಿಸಿದವಳೂ ಅವಳೇ. "ಅದು ಹೆರಿಗಿ ನಂಬರ್ ಅಂತ ಗೊತ್ತಿದ್ದೂ?"

"ತಿಂಗಳ ಕೊನಿ ಇತ್ತು. ಟಾರ್ಗೆಟ್ಟಿಗೆ ನಾಕು ನಂಬರ್ ಕಮ್ಮಿ ಬಿದ್ದಿದ್ವು. ತರ್ಲಿಲ್ಲಂದ್ರ ಈ ಕುರ್ಚಿ ಮ್ಯಾಲ ಬ್ಯಾರೇದವ್ರು ಕುಂದರ್ತಿದ್ರು." ಆಮೇಲೆ, ಹಳೆಯ ಜೊತೆಗಾರ್ತಿಯ ಸಲಿಗೆಯಲ್ಲಿ ಹೇಳಿದಳು: "ನಾವಿಬ್ರೂ ಬಂದ ಚೀಟಿಗೆ ಮಾತಾಡಿದವ್ರೇ ಅಲ್ಲೇನು? ನನಗ ಈಗ ಈ ಚೀಟಿ ಬಂದದ."

"ಅಲ್ಲಿ ಸೋತ್ರ ಕಪ್ ಅಷ್ಟೇ ಹೋಗ್ತಿತ್ತು" ಎಂದೆ. ಇನ್ನೂ ಏನೇನೋ ಹೇಳಬೇಕೆಂದು ಬಸ್ಸಿನಲ್ಲಿ ಬರುತ್ತ ಮನಸ್ಸಿನಲ್ಲೇ ಬರೆದುಕೊಂಡಿದ್ದೆ. ಆದರೆ ಅವಳು ಖಂಡಿಸುವವಳು, ನಾನು ಮಂಡಿಸುವವಳು. ಅವಳ ವಿರುದ್ಧ ಮಾತಾಡಿ ನನಗೆ ರೂಢಿಯೇ ಇರಲಿಲ್ಲ.

ಅವಳು ನನ್ನ ಹಿಂದೆ ನಿಂತವರನ್ನು ಕರೆದಳು. ಬೇಮಳಖೇಡದ ಒಬ್ಬ ಮುದುಕ, ಕೈಯಲ್ಲಿ ಹೊಸ ಫೋನಿನ ಡಬ್ಬಿ. "ಬರ್ರಿ ಕಾಕಾ. ನಿಮ್ಮ ಕಡೆ ಫುಲ್ ಸಿಗ್ನಲ್ ಅದರಿ."

"ಕಾಕಾ, ಕರೆಂಟ್ ಹೋದಾಗ ಹಚ್ಚಿ ನೋಡಿ ತಗೋರಿ" ಎಂದೆ.

ಮುದುಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ನೀ ಯಾರವ್ವಾ? ಎದುರಿನ ಕಂಪನಿಯಾಕಿಯೇನು?"

ಗೆಳತಿ ನಕ್ಕಳು. ಒಂದು ಕ್ಷಣ ನನಗೂ ನಗು ಬಂತು, ಮೂರು ವರ್ಷದ ರೂಢಿ. ಆ ನಗುವಿಗಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ನಂಬರನ್ನು ಹಳೆಯ ಕಂಪನಿಗೆ ಮರಳಿಸಲು ಮೂರು ತಿಂಗಳು ಕಾಯಬೇಕಂತೆ. ಎದುರು ಅಂಗಡಿಯಲ್ಲಿ ಹಳೆಯ ಕಂಪನಿಯದೇ ಇನ್ನೊಂದು ಸಿಮ್ ಕೊಂಡು, ಊರಿಗೆ ಮರಳಿ ಅವ್ವನ ಫೋನಿನ ಎರಡನೇ ಜಾಗಕ್ಕೆ ಹಾಕಿದೆ. ಮೊದಲನೆಯದು ಸಿಗದಿದ್ದಾಗ ಕರೆ ಎರಡನೆಯದಕ್ಕೆ ತಿರುಗುವಂತೆ ಹೊಂದಿಸಿದೆ. ಹತ್ತು ನಿಮಿಷದ ಕೆಲಸ. ಅವ್ವ ಮೊದಲ ದಿನ ಕೇಳಿದ್ದೂ ಇದನ್ನೇ: ಎರಡು ಸಿಮ್ ಹಾಕಾಕ ಬರ್ತದಂತಲ್ಲ? ಅವಳ ಆ ಮಾತಿಗೆ ನಾನು ನಾಲ್ಕು ಕಾರಣ ಕೊಟ್ಟು ಚಪ್ಪಾಳೆಯೊಂದನ್ನು ಬಿಟ್ಟು ಎಲ್ಲ ಗೆದ್ದಿದ್ದೆ.

ಫೋನು ಸರಿಯಾಯಿತು. ಆದರೆ ಕರೆ ಬರಲಿಲ್ಲ. ಜನ ನೇರ ಆಂಬುಲೆನ್ಸಿಗೆ, ಇಲ್ಲವೆ ಪರಿಚಯದ ಜೀಪಿನವರಿಗೆ ಹೇಳತೊಡಗಿದ್ದರು. ಅವ್ವ ದಿನವೂ ಚೀಲ ಹೊತ್ತು ಬಸುರಿಯರ ಮನೆಗಳಿಗೆ ತಾನೇ ನಡೆದಳು. ಮುಂದಿನ ಐತವಾರ ನಾನೂ ಜೊತೆಗೆ ಹೋದೆ. ಕುರಿಯವರ ಮನೆಯಲ್ಲಿ ಹಿರಿಯ ಸೊಸೆ ಬಾಗಿಲಲ್ಲೇ ಕೂತಿದ್ದಳು, ಹೊಟ್ಟೆಯ ಮೇಲೆ ಕೈಯಿಟ್ಟು.

ಆ ಅತ್ತೆಗೆ ನಾನು ಎಲ್ಲ ವಿವರಿಸಿದೆ. ಟವರು, ಬ್ಯಾಟರಿ, ಎರಡು ಸಿಮ್ಮು. ತಪ್ಪು ನನ್ನದು, ಅವ್ವನದಲ್ಲ ಎಂದೆ. ನನ್ನ ಜೀವನದಲ್ಲಿ ಅಷ್ಟು ಪ್ರಾಮಾಣಿಕವಾಗಿ ಎಂದೂ ಮಾತಾಡಿರಲಿಲ್ಲ. ಆಕೆ ಕೇಳುತ್ತಲೇ ಸೆರಗಿನ ಗಂಟಿನಿಂದ ತನ್ನ ಫೋನು ಬಿಚ್ಚಿ ಹಚ್ಚಿದಳು. ಅವ್ವನ ಕೈಯಲ್ಲಿ ಫೋನು ರಿಂಗಾಯಿತು. ನಾನು ಗೆದ್ದವಳಂತೆ ನೋಡಿದೆ.

"ಈಗ ಕರೆಂಟ್ ಅದ" ಎಂದಳು ಆಕೆ. "ಈಗ ಹಚ್ಚಿದ್ರ ಏನ್ ತಿಳೀತದ? ಹೋದಾಗ ಹಚ್ಚಿ ನೋಡ್ತೀನಿ."

ನನ್ನ ನೋಟ್‌ಬುಕ್ಕಿನ ಯಾವ ಸಾಲಿನಲ್ಲೂ ಇರದಿದ್ದ ಪ್ರಶ್ನೆಯನ್ನು ಆಕೆ ಒಂದೇ ಉಸಿರಿನಲ್ಲಿ ಕೇಳಿದ್ದಳು.

ಮನೆಗೆ ಬಂದೆವು. ಒಂದು ಗಂಟೆಗೆ ಫ್ಯಾನು ನಿಂತಿತು. ಅವ್ವ ಉಣ್ಣುವ ತಾಟನ್ನು ಬದಿಗೆ ಸರಿಸಿ ಫೋನನ್ನು ಎದುರಿಗಿಟ್ಟುಕೊಂಡಳು. ಜನರೇಟರು ಶುರುವಾಯಿತು. ಸ್ವಲ್ಪ ಹೊತ್ತಿಗೆ ಫೋನು ರಿಂಗಾಯಿತು.

"ಹೇಳ್ರಿ ಅತ್ತಿ."

"ಎತ್ತಿದಿ?"

"ಎತ್ತೇನ್ರಿ."

"ಹೂಂ." ಅಷ್ಟೇ. ಕರೆ ಕಟ್ಟಾಯಿತು.

ಆ ಮೇಲಿಂದ ದಿನವೂ, ಕರೆಂಟು ಹೋದ ಐದೇ ನಿಮಿಷಕ್ಕೆ, ಆ ಮನೆಯಿಂದ ಕರೆ ಬರುತ್ತದೆ. ಎತ್ತಿದಿ? ಎತ್ತೇನ್ರಿ. ಹೂಂ. ಅವ್ವ ಆ ಹೊತ್ತಿಗೆ ಊಟಕ್ಕೆ ಕೂರುವುದನ್ನು ಬಿಟ್ಟಿದ್ದಾಳೆ. ಹಿರಿಯ ಸೊಸೆಗೆ ಈಗ ಒಂಬತ್ತು ತುಂಬಿದೆ. ಅತ್ತೆ ಇನ್ನೂ ನಂಬಿಲ್ಲ.