ಹಾಡುಗಳ ನಡುವಿನ ಮಾತು

ಜಾಹೀರಾತೆಂದರೆ ನನಗೆ ಮೊದಲಿನಿಂದಲೂ ಆಗದು. ಹಾಡು ಕೇಳುತ್ತ ಕೂತಾಗ ಚರಣ ಮುಗಿಯುವ ಮೊದಲೇ ಯಾರೋ ಒಬ್ಬ ಹಲ್ಲುಪುಡಿಯ ಗುಣಗಾನ ಶುರು ಮಾಡಿದರೆ, ಬಾಗಿಲು ತಟ್ಟದೆ ಮನೆಯೊಳಗೆ ನುಗ್ಗಿದವನನ್ನು ಕಂಡಷ್ಟು ಸಿಟ್ಟು ಬರುತ್ತದೆ. ಆದೋನಿಯ ನಮ್ಮ ಓಣಿಯಲ್ಲಿ ದುಡ್ಡು ಕೊಟ್ಟು ಜಾಹೀರಾತಿಲ್ಲದ ಹಾಡಿನ ಆ್ಯಪ್ ಹಾಕಿಸಿಕೊಂಡ ಮೊದಲಿಗ ನಾನೇ. ಹೊಸ ಟಿವಿ ತಂದ ದಿನ ಅದು ಹಚ್ಚಿದ ಕೂಡಲೇ ತಾನಾಗಿಯೇ ಜಾಹೀರಾತು ತೋರಿಸುತ್ತದೆಂದು ಗೊತ್ತಾಗಿ, ಊಟ ಬಿಟ್ಟು ಸೆಟ್ಟಿಂಗುಗಳ ಒಳಗೆ ಹೊಕ್ಕು, ಒಂದೊಂದನ್ನೇ ಆರಿಸಿ ಬಾಯಿ ಮುಚ್ಚಿಸಿದ್ದೆ. ನೆಂಟರ ಮನೆಗೆ ಹೋದರೆ ಚಹಾ ಬರುವಷ್ಟರಲ್ಲಿ ಎಲ್ಲರ ಫೋನು ಇಸಿದುಕೊಂಡು ಜಾಹೀರಾತು ತಡೆಯುವ ಆ್ಯಪ್ ಹಾಕಿಕೊಡುವುದು ನನ್ನ ಚಟ. "ಇವ್ರು ಮನ್ಯಾಗಿನ ಕಸ ಎಂದೂ ಬಳಿಯಾಂಗಿಲ್ಲ, ಫೋನ್‌ನ್ಯಾಗಿನ ಕಸ ಮಾತ್ರ ಬಳೀತಾರ" ಎಂದು ಹೆಂಡತಿ ನೆಂಟರ ಮುಂದೆಯೇ ಛೇಡಿಸುತ್ತಾಳೆ.

ಈ ಹೆಮ್ಮೆಯಲ್ಲಿಯೇ ನಾನು ತೀರಿಹೋದ ಮಾವನ ದನಿಯನ್ನು ಅಳಿಸಿಹಾಕಿದೆ. ನನ್ನ ಕೈಯಾರೆ, ನಗುನಗುತ್ತ. ಅದು ಉಳಿದಿದ್ದದ್ದು ಒಂದೇ ಕಡೆ. ಅದನ್ನು ಕೇಳಬೇಕೆಂದು ಆಸೆಪಟ್ಟು ನನ್ನ ಕೈಗೆ ಕೊಟ್ಟವರು ಅತ್ತೆ.

ಅತ್ತೆ ಎಂದರೆ ನಮ್ಮ ಅಪ್ಪನ ತಂಗಿ. ಪೆದ್ದಹರಿವಾಣದಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಅವರ ಗಂಡ, ನಮ್ಮ ಮಾವ, ಆದೋನಿಯ, ಅವರ ಬಾಯಲ್ಲಿ ಆದವಾನಿಯ, ಅಂಗಡಿಗಳಿಗೆ ಪ್ರಚಾರ ಮಾಡುತ್ತಿದ್ದರು. ಬಾಡಿಗೆ ಆಟೋದ ತಲೆಗೆ ಎರಡು ಮೈಕು ಕಟ್ಟಿಕೊಂಡು ಊರೂರು ತಿರುಗುವುದೇ ಅವರ ಕೆಲಸ. ತುಂಗಭದ್ರೆಯ ದಂಡೆಗೆ, ಮಾಧವರಂ ಕಡೆಗೆ ಹೋದರೆ ಕನ್ನಡ. ಮೂಡಣದ ಊರುಗಳಿಗೆ ಹೋದರೆ ತೆಲುಗು. ಮೊದಮೊದಲು ಮೈಕು ಬಾಯಿಗೆ ಹಿಡಿದು ತಾವೇ ಕೂಗುತ್ತಿದ್ದರು. ಗಂಟಲು ಕೈಕೊಡತೊಡಗಿದ ಮೇಲೆ ಮೈಕ್‌ಸೆಟ್ ಅಂಗಡಿಯಲ್ಲಿ ಕೂತು ಕ್ಯಾಸೆಟ್ ಮಾಡಿಸಿಕೊಂಡರು. ಒಂದು ಸಿನಿಮಾ ಹಾಡು, ಆಮೇಲೆ ಮಾವನ ಮಾತು, ಮತ್ತೊಂದು ಹಾಡು, ಮತ್ತೆ ಮಾತು. ಹಾಡಿಗೆ ಜನ ಹೊರಗೆ ಬರಬೇಕು, ಮಾತಿಗೆ ನಿಲ್ಲಬೇಕು, ಅದು ಆ ಕಸುಬಿನ ಲೆಕ್ಕಾಚಾರ.

ಮಾವ ತೀರಿಕೊಂಡಾಗ ನಮ್ಮ ಮನೆಗಳಲ್ಲಿ ಇದ್ದದ್ದು ಬಟನ್ ಫೋನುಗಳು. ಯಾರೂ ಯಾರ ದನಿಯನ್ನೂ ತುಂಬಿಟ್ಟುಕೊಳ್ಳುತ್ತಿರಲಿಲ್ಲ. ಮಗನ ಮದುವೆಯ ವಿಡಿಯೋದಲ್ಲಿ ಮಾವ ಇದ್ದಾರೆ, ಆದರೆ ವಿಡಿಯೋದವನು ಉದ್ದಕ್ಕೂ ಸಿನಿಮಾ ಹಾಡು ಹಾಕಿಬಿಟ್ಟಿದ್ದಾನೆ. ಮಾವ ಅಡುಗೆಯವರಿಗೆ ಏನೋ ಹೇಳುತ್ತಾರೆ, ಬಾಯಿ ಆಡುತ್ತದೆ, ಕೇಳುವುದು ಮಾತ್ರ ಯಾರೋ ನಾಯಕನ ಹಾಡು. ಅಂದರೆ ದನಿ ಇದ್ದದ್ದು ನಾಲ್ಕು ಕ್ಯಾಸೆಟ್ಟುಗಳಲ್ಲಿ. ಅತ್ತೆ ಅವನ್ನು ಒಂದು ಸೀರೆಯ ಮಡಿಕೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದರು.

ಹೋದ ಬೇಸಿಗೆಯಲ್ಲಿ ಅವರ ಮನೆಗೆ ಹೋಗಿದ್ದಾಗ ಆ ಗಂಟು ತಂದು ನನ್ನ ಮುಂದಿಟ್ಟರು. "ಇವನ್ನ ಫೋನಿಗೆ ಹಾಕಾಕ ಬರತೈತೇನಪ? ಕೇಳಬೇಕು ಅನಸ್ತೈತಿ" ಎಂದರು. ಅಷ್ಟೇ ಅಂದದ್ದು. ಗಂಡನ ದನಿ ಕೇಳಬೇಕಾಗಿದೆ ಎಂದು ಅಣ್ಣನ ಮಗನ ಮುಂದೆ, ಅದೂ ಸೊಸೆ ಪಕ್ಕದಲ್ಲಿ ಕೂತಿರುವಾಗ, ನಮ್ಮ ಕಡೆಯ ಯಾವ ಹೆಂಗಸು ಬಾಯಿಬಿಟ್ಟು ಹೇಳಿಯಾಳು? ನನಗದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನಗೆ ಕಂಡದ್ದು ಹಳೆಯ ಕ್ಯಾಸೆಟ್ಟು, ಹಳೆಯ ಹಾಡು, ನನ್ನ ಕೈಚಳಕ ತೋರಿಸಲು ಒಂದು ಅವಕಾಶ. "ಇಷ್ಟ ಏನ್ರಿ ಅತ್ತಿ? ಒಂದ ವಾರದಾಗ ಹೊಸಾ ಹಾಡಿನಂಗ ಮಾಡಿ ತಂದುಕೊಡ್ತೀನಿ" ಎಂದು ಜಂಬ ಕೊಚ್ಚಿದೆ.

ಭಾನುವಾರ ಮಧ್ಯಾಹ್ನ ಕೆಲಸಕ್ಕೆ ಕೂತೆ. ರಿಪೇರಿ ಅಂಗಡಿಯಿಂದ ಒಂದು ಹಳೆಯ ಟೇಪ್ ರೆಕಾರ್ಡರ್ ಎರವಲು ತಂದು, ವೈರು ಎಳೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಕಿವಿಗೆ ಹೊರಗಿನ ಸದ್ದು ಒಳಗೆ ಬಿಡದ ದೊಡ್ಡ ಹೆಡ್‌ಫೋನು. ಮೊದಲ ಹಾಡು ಮುಗಿಯಿತು. ಸಣ್ಣ ಕೆಮ್ಮು, ಆಮೇಲೆ ಮಾವನ ದನಿ. ಗುರುತು ಸಿಕ್ಕಿತೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ಸುಳ್ಳು ಹೇಳಲಾರೆ. ಸಿಕ್ಕಿತು. ಆ ಕೆಮ್ಮಿನಲ್ಲೇ ಸಿಕ್ಕಿತು. "ಏನ್ ಮಾವ, ಇಲ್ಲೂ ಬಿಡಲಿಲ್ಲೇನು ನಿಮ್ಮ ಜಾಹೀರಾತು?" ಎಂದು ಒಬ್ಬನೇ ನಕ್ಕೆ. ಗೆರೆ ಎಳೆದು ಆಯ್ದು, ಕತ್ತರಿಸಿದೆ.

ಎರಡನೆಯ ಮಾತನ್ನು ಅರ್ಧ ಕೇಳಿದೆ. ಮೂರನೆಯದರಿಂದ ಕೇಳುವ ಗೋಜಿಗೇ ಹೋಗಲಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಹಾಡು ಒತ್ತಾಗಿ ಒಂದೇ ಸಮ ಕಾಣುತ್ತದೆ, ಮಾತು ನಡುನಡುವೆ ಬಿಡುಬಿಡಾಗಿ ಕಾಣುತ್ತದೆ. ಕಣ್ಣಿಂದಲೇ ಗುರುತು ಹಿಡಿದು ಕತ್ತರಿಸುತ್ತ ಹೋದೆ. ಕೈ ಎಷ್ಟು ಪಳಗಿತ್ತೆಂದರೆ ನಾಲ್ಕನೆಯ ಕ್ಯಾಸೆಟ್ ಹೊತ್ತಿಗೆ ಒಂದು ಕಡೆ ಕ್ರಿಕೆಟ್ ನೋಡುತ್ತ ಇನ್ನೊಂದು ಕಡೆ ಮಾವನನ್ನು ಕತ್ತರಿಸುತ್ತಿದ್ದೆ. ಇದನ್ನು ಬರೆಯುವಾಗ ಬೆರಳು ಹಿಂದೆ ಸರಿಯುತ್ತದೆ, ಆದರೂ ನಡೆದದ್ದು ಹಾಗೆಯೇ.

ಅಷ್ಟಕ್ಕೇ ಬಿಟ್ಟಿದ್ದರೂ ಬೇರೆ ಮಾತು. ಉಳಿದ ಹಾಡುಗಳನ್ನು ಕೇಳಿ ನೋಡಿದರೆ ಬರೀ ಗೊರಗೊರ ಸದ್ದು, ಟೇಪು ಅಲ್ಲಲ್ಲಿ ಜಗ್ಗಿ ರಾಗವೇ ಸೊಟ್ಟಗಾಗಿತ್ತು. ಸಂಗೀತದ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ಅಭಿಪ್ರಾಯ: ಕೇಳಿದರೆ ಶುದ್ಧವಾಗಿ ಕೇಳಬೇಕು, ಇಲ್ಲವಾದರೆ ಬಿಡಬೇಕು. ಹಾಗಾಗಿ ಅದೇ ಹಾಡುಗಳನ್ನು ಒಂದೊಂದಾಗಿ ಹುಡುಕಿ, ಒಳ್ಳೆಯ ಗುಣಮಟ್ಟದವನ್ನು ಇಳಿಸಿಕೊಂಡು, ಅದೇ ಸಾಲಿನಲ್ಲಿ ಜೋಡಿಸಿದೆ. ಟೇಪಿನಿಂದ ತುಂಬಿಕೊಂಡದ್ದೆಲ್ಲ ಕಸವೆಂದು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಅತ್ತೆಯ ಕ್ಯಾಸೆಟ್ಟಿನದೆಂದು ಹೇಳಲು ಒಂದು ಚೂರೂ ಉಳಿಯಲಿಲ್ಲ. ಕೆಲಸ ಬಹಳ ಅಚ್ಚುಕಟ್ಟಾಗಿದೆ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಮರುದಿನ ಮುನಸಿಪಾಲ್ಟಿಯ ಕಸದ ಗಾಡಿ ಬಂದಾಗ ನಾಲ್ಕೂ ಕ್ಯಾಸೆಟ್ಟುಗಳನ್ನು ಒಯ್ದು ಹಾಕಿದೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಅತ್ತಿಯವರನ್ನ ಒಂದ ಮಾತು ಕೇಳಿದ್ರೇನು?" ಎಂದಳು. "ಇನ್ನ ಅವನ್ನ ಯಾತರಾಗ ಹಾಕಿ ಕೇಳ್ತಾರ ಅವರು?" ಎಂದೆ. ಅವಳು ಕೇಳಿದ ಆ ಒಂದು ಪ್ರಶ್ನೆಗೆ ನಾನು ಅಷ್ಟು ಹಗುರವಾಗಿ ಉತ್ತರ ಕೊಡದೆ ಇದ್ದಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

ಒಂದು ಸಣ್ಣ ಸ್ಪೀಕರ್ ಕೊಂಡು, ಹಾಡುಗಳನ್ನು ಅದರಲ್ಲೇ ತುಂಬಿ, ಪೆದ್ದಹರಿವಾಣಕ್ಕೆ ಹೋದೆ. ಒತ್ತಿದರೆ ಸಾಕು, ಹಾಡುತ್ತದೆ. ಅತ್ತೆ ಕೈಕಾಲು ತೊಳೆದುಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಕೂತರು. ಹಾಡು ಕೇಳಲು ಇಷ್ಟೊಂದು ಸಿದ್ಧತೆ ಯಾಕೆ ಎಂದು ನನಗೆ ಒಳಗೊಳಗೇ ನಗು. ಮೊದಲ ಹಾಡು ನಡೆಯುವಾಗ ಅವರು ಸೊಸೆಯ ಜೊತೆ ಅದೂ ಇದೂ ಮಾತಾಡುತ್ತಲೇ ಇದ್ದರು. ಹಾಡು ಮುಗಿಯುತ್ತ ಬಂದಂತೆ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಸ್ಪೀಕರಿನ ಕಡೆ ಬಾಗಿದರು. ಎರಡನೆಯ ಹಾಡು ಶುರುವಾಯಿತು. ಅತ್ತೆಯ ಕೈ ಕೆಳಗಿಳಿಯಿತು.

ಎರಡನೆಯದು ಮುಗಿಯುವಾಗಲೂ ಹಾಗೆಯೇ. ಮೂರನೆಯದಕ್ಕೂ ಹಾಗೆಯೇ. ಹಾಡಿನುದ್ದಕ್ಕೂ ಲಕ್ಷ್ಯವಿಲ್ಲ, ಮುಗಿಯುವಾಗ ಮಾತ್ರ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ತಮ್ಮದೇ ಏನೋ ತಪ್ಪಾಗಿದೆ ಎಂಬಂಥ ದನಿಯಲ್ಲಿ, "ನಡುವ ಮಾತು ಬರಾಂಗಿಲ್ಲೇನಪ?" ಎಂದರು.

ಆಗ ತಿಳಿಯಿತು. ನಿಜ ಹೇಳಲು ಅದೇ ಸಮಯ, ಹೇಳಲಿಲ್ಲ. "ಟೇಪು ಕೆಟ್ಟಿತ್ತರಿ ಅತ್ತಿ. ಮಾತು ಇದ್ದ ಕಡೆ ಎಲ್ಲಾ ಹೋಗಿತ್ತು. ಅದಕ್ಕ ಕ್ಯಾಸೆಟ್ಟೂ ಒಗದುಬಿಟ್ಟೆ" ಎಂದೆ. "ಹಾಡು ಮಾತ್ರ ಹೆಂಗ ಉಳಿದಾವ?" ಎಂದು ಸೊಸೆ ಕೇಳಿದಳು. ನಾನು ಫ್ರೀಕ್ವೆನ್ಸಿ, ಮ್ಯಾಗ್ನೆಟ್ಟು ಎಂದು ಬಾಯಿಗೆ ಬಂದದ್ದನ್ನೆಲ್ಲ ಒದರಿದೆ. ತಿಳಿದವನು ಹೇಳುತ್ತಿದ್ದಾನಲ್ಲ ಎಂದು ಇಬ್ಬರೂ ನಂಬಿದರು. ಅತ್ತೆ ನನಗೇ ಸಮಾಧಾನ ಹೇಳಿದರು. "ಇರಲಿ ಬಿಡು. ನೀ ಎಷ್ಟ್ ಕಷ್ಟ ಪಟ್ಟಿದಿ. ಟೇಪಿಗೂ ವಯಸ್ಸಾಗತೈತಲ್ಲ" ಎಂದು ಎದ್ದು ಹೋಗಿ, ನನಗಿಷ್ಟವೆಂದು ಬಿಸಿ ರೊಟ್ಟಿ ಬಡಿದು ಹಾಕಿದರು.

ಆದೋನಿಗೆ ಬಂದವನೇ ಅಳಿಸಿದ ಫೈಲುಗಳನ್ನು ಮರಳಿ ತರುವ ಸಾಫ್ಟ್‌ವೇರುಗಳನ್ನು ಒಂದಾದ ಮೇಲೊಂದು ಹಾಕಿ ನೋಡಿದೆ. ಹಳೆಯ ಫೋಟೋಗಳು, ಕರೆಂಟ್ ಬಿಲ್ಲು, ಏನೇನೋ ಬಂದವು. ಮಾವ ಬರಲಿಲ್ಲ. ಮಾವನ ಕ್ಯಾಸೆಟ್ ಮಾಡಿಕೊಡುತ್ತಿದ್ದ ಮೈಕ್‌ಸೆಟ್ ಅಂಗಡಿಯವರನ್ನು ಹುಡುಕಿಕೊಂಡು ಹೋದೆ. ಈಗ ಅವರಿಗೂ ವಯಸ್ಸಾಗಿದೆ. "ಯಾಡುಂಟಾಯಿ ಸಾರ್?" ಎಂದು ಕೈ ತಿರುವಿದರು. ಎಲ್ಲಿರುತ್ತವೆ ಎಂದು ಅವರು ಕೇಳಿದ್ದು ನಿಜವೇ. ಒಂದು ಅಂಗಡಿಯ ಪ್ರಚಾರ ಮುಗಿದ ಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಇನ್ನೊಂದು ಅಂಗಡಿಯದನ್ನು ತುಂಬುತ್ತಿದ್ದರಂತೆ. "ಆಯನ ನಾಲುಗು ಮಾತ್ರಂ ಇಂಟಿಕಿ ತೀಸುಕುಪೋಯಾಡು" ಎಂದರು, ನಾಲ್ಕನ್ನು ಮಾತ್ರ ಅವರು ಮನೆಗೆ ಒಯ್ದರು ಎಂದು. ಹೊರಡುವಾಗ ಕರೆದು ಒಂದು ಉಪಾಯವನ್ನೂ ಹೇಳಿಕೊಟ್ಟರು. ಈಗ ಕಂಪ್ಯೂಟರೇ ಯಾರ ದನಿಯಲ್ಲಿ ಬೇಕಾದರೂ ಮಾತಾಡುತ್ತದೆ, ಒಂದೆರಡು ಮಾತಿನ ಮಾದರಿ ಕೊಟ್ಟರೆ ಸಾಕು, ಮೊಮ್ಮಗ ಮಾಡಿಕೊಡುತ್ತಾನೆ ಎಂದು. ಅದು ನನಗೆ ಗೊತ್ತಿರಲಿಲ್ಲವೇ? ಆ ವಿದ್ಯೆಯ ಬಗ್ಗೆ ನೆಂಟರಿಗೆಲ್ಲ ಭಾಷಣ ಬಿಗಿದವನೇ ನಾನು. ಆದರೆ ಮಾದರಿಗೆ ಒಂದು ಕೆಮ್ಮನ್ನೂ ಉಳಿಸಿರಲಿಲ್ಲ.

ಎರಡು ತಿಂಗಳು ಅತ್ತೆಗೆ ಫೋನು ಮಾಡುವುದನ್ನೇ ತಪ್ಪಿಸಿದೆ. ಅವರೇ ಮಾಡಿದರೆ ಕೆಲಸ ಇದೆ ಎಂದು ಬೇಗ ಇಟ್ಟುಬಿಡುತ್ತಿದ್ದೆ. ಒಂದು ದಿನ ಹೆಂಡತಿ, "ಹೋಗಿ ಹೇಳಿ ಬರ್ರಿ. ಇಲ್ಲಾಂದ್ರ ಅವರ ಮನಿ ಹಾದಿ ನಿಮಗ ಮರತ ಹೋಗತೈತಿ" ಎಂದಳು. ಹೋದೆ.

ಅತ್ತೆ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಸೊಸೆ ಹೊಲಕ್ಕೆ ಹೋಗಿದ್ದಳು. ಸ್ಪೀಕರ್ ಗೂಡಿನಲ್ಲಿತ್ತು, ಅದರ ಮೇಲೊಂದು ಬಟ್ಟೆ ಮುಚ್ಚಿದ್ದರು. ಎದುರಿಗೆ ಕೂತೆ.

"ಅತ್ತಿ, ಟೇಪು ಕೆಟ್ಟಿದ್ದಿಲ್ಲರಿ. ಮಾವನ ಮಾತು ಚೊಲೋ ಇತ್ತು. ನಾನ ತಗದುಹಾಕಿದೆ."

ಅವರ ಕೈ ನಿಂತಿತು. "ಯಾಕಪ?"

"ಜಾಹೀರಾತು ಅಂತ."

ಬೈಯುತ್ತಾರೆಂದು ತಲೆ ತಗ್ಗಿಸಿ ಕಾದೆ. ಬೈದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು. ಅತ್ತೆ ಒಂದು ಶೇಂಗಾ ಎತ್ತಿಕೊಂಡು, ಅದನ್ನು ಒಡೆಯದೆ ಕೈಯಲ್ಲೇ ತಿರುಗಿಸುತ್ತ, "ಚೊಲೋ ಇತ್ತಾ ದನಿ?" ಎಂದು ಕೇಳಿದರು.

"ಚೊಲೋ ಇತ್ತರಿ. ಸ್ಪಷ್ಟ ಇತ್ತು."

"ಸೀರಿ ಅಂಗಡೀದು ಇತ್ತೇನು? ಹೊಳಿದಂಡಿ ಊರಾಗ ಹೇಳತಿದ್ರಲ್ಲ, ಅದು?"

ಕೇಳಿರದಿದ್ದರೂ ಇತ್ತು ಎಂದು ತಲೆಯಾಡಿಸಿದೆ. ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡರು. ನಾಚಿಕೊಂಡವರಂತೆ ಬಾಗಿಲ ಕಡೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ತಮ್ಮ ದನಿಗಿಂತ ದಪ್ಪ ದನಿಯಲ್ಲಿ ಎಳೆದೆಳೆದು ಶುರು ಮಾಡಿದರು. "ಅಕ್ಕಾರ, ತಂಗೇರ, ಬಾಯಾಗಿನ ತುತ್ತು ನುಂಗ್ರಿ, ಆಮ್ಯಾಲೆ ಕೇಳ್ರಿ. ಅವಸರ ಇಲ್ಲ. ಆದವಾನಿಗೆ ಸೀರಿ ಬಂದಾವ. ಕೊಳ್ಳಾಕ ಬರಬ್ಯಾಡ್ರಿ, ನೋಡಾಕ ಬರ್ರಿ. ನೋಡಿ..."

ನಿಂತರು. ಮತ್ತೆ ಮೊದಲಿನಿಂದ ಅಂದರು, ಅದೇ ಎಳೆತ, ಅದೇ ಜಾಗದಲ್ಲಿ ಮತ್ತೆ ನಿಂತರು. "ನೋಡಿ... ನೋಡಿ, ಆಮ್ಯಾಲೆ ಏನಂತಿದ್ರು?" ಎಂದು ತಮಗೆ ತಾವೇ ಕೇಳಿಕೊಂಡರು. ಹಣೆ ಗಂಟಿಕ್ಕಿತು. ಆಮೇಲೆ ಥಟ್ಟನೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಆಸೆ ಇತ್ತು.

"ನೀ ಕೇಳೀಯಲ್ಲಪ. ಎಲ್ಲಾರಕಿಂತ ಕಡೀಕ ಕೇಳಿದಾಂವ ನೀನ. ಏನಂತಿದ್ರು, ಹೇಳು."

ಕತ್ತರಿಸುವಾಗ ನಾನು ಕ್ರಿಕೆಟ್ ನೋಡುತ್ತಿದ್ದೆ. ಅದನ್ನು ಹೇಗೆ ಹೇಳುವುದು? "ಇಂದೇ ಭೇಟಿ ಕೊಡ್ರಿ... ಅಂತಿದ್ರೇನೋ" ಎಂದೆ.

ಅತ್ತೆ ತಲೆ ಅಲ್ಲಾಡಿಸಿದರು. "ಅದನ್ನ ಎಲ್ಲಾರೂ ಅಂತಾರ. ಅವರು ಅಂತಿದ್ದಿಲ್ಲ" ಎಂದು, ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ನನ್ನ ಹತ್ತಿರಕ್ಕೆ ಜರುಗಿದರು. "ಅವಸರ ಇಲ್ಲ, ನೆಪ್ಪು ಮಾಡಿಕೊಂಡು ಹೇಳು" ಎಂದು ನನ್ನ ಬಾಯಿಯನ್ನೇ ನೋಡುತ್ತ ಕೂತರು.