ಜೆರ್ಸಿ ನೋಡಿ ಆಟ ಹೇಳುವ ಸೋಪಕ್ಕ

ಬೆಳಗಿನ ಐದೂವರೆ. ಫುಟ್‌ಬಾಲ್ ಮೈದಾನದ ಗ್ಯಾಲರಿಯ ಕೆಳಗಿರುವ ಒಗೆಯುವ ಕೋಣೆಯಲ್ಲಿ ಸೋಪಕ್ಕ ವಾಷಿಂಗ್ ಮಷಿನ್ ಮೇಲೆ ಕೂತಿದ್ದಾರೆ. ಸುಸ್ತಾಗಿ ಕೂತದ್ದಲ್ಲ. ಕೂರದಿದ್ದರೆ ಮಷಿನ್ ತಾನೇ ನಡೆದುಕೊಂಡು ಬಾಗಿಲವರೆಗೆ ಹೋಗಿಬಿಡುತ್ತದೆ. ಬಟ್ಟೆ ಹಿಂಡುವ ಹೊತ್ತು ಬಂತೆಂದರೆ ಸಾಕು, ಅದಕ್ಕೆ ಮೈಮೇಲೆ ಬಂದಂತಾಗುತ್ತದೆ. ಅದರ ಕುಣಿತಕ್ಕೆ ಅಕ್ಕನ ಕನ್ನಡಕ, ಓಲೆ, ಗಲ್ಲ ಎಲ್ಲವೂ ಕುಣಿಯುತ್ತವೆ. "ಏ...ನಾ...ದ್ರೂ ಕೇ...ಳೋ...ದಿ...ದ್ರೆ ನಾ...ಲ್ಕು ನಿ...ಮಿ...ಷ ತ...ಡೀ...ರಿ" ಎನ್ನುತ್ತಾರೆ. ನಾಲ್ಕು ನಿಮಿಷ ಕಳೆದು ಮಷಿನ್ ನಿಂತ ಮೇಲೆ ಕೆಳಗಿಳಿದು, ಸೆರಗು ಸರಿಮಾಡಿಕೊಂಡು, "ಹೂಂ, ಈಗ ಕೇಳಿ" ಎನ್ನುತ್ತಾರೆ.

ಈ ಕೋಣೆಯ ಛಾವಣಿ ಎಂದರೆ ಮೇಲಿನ ಮೆಟ್ಟಿಲುಗಳ ಹೊಟ್ಟೆ. ಬಾಗಿಲ ಬಳಿ ನೆಟ್ಟಗೆ ನಿಲ್ಲಬಹುದು, ನಲ್ಲಿಯ ಬಳಿ ಬಗ್ಗಬೇಕು, ಸೋಪಿನ ಡಬ್ಬ ಬೇಕೆಂದರೆ ಕೂತೇ ಹೋಗಬೇಕು. ಹತ್ತೊಂಬತ್ತು ವರ್ಷ ಇಲ್ಲಿ ಕೆಲಸ ಮಾಡಿದ ಮೇಲೂ ವಾರಕ್ಕೊಮ್ಮೆ ತಲೆ ಜಪ್ಪಿಸಿಕೊಳ್ಳುವುದು ತಪ್ಪಿಲ್ಲ. ಕೆಲಸಕ್ಕೆ ಸೇರಿದ ದಿನ ಕ್ಲಬ್ಬಿನ ಕಾರ್ಯದರ್ಶಿ "ಏನೇನು ಬೇಕಮ್ಮ?" ಎಂದು ಕೇಳಿದ್ದಕ್ಕೆ ಇವರು "ಸೋಪು" ಎಂದರಂತೆ. "ಮತ್ತೆ?" ಎಂದರೆ "ಇನ್ನಷ್ಟು ಸೋಪು" ಎಂದರಂತೆ. ಅಂದಿನಿಂದ ಹೆಸರು ಸೋಪಕ್ಕ. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

ಕ್ಲಬ್ಬು ಹುಟ್ಟಿದಾಗಿನಿಂದ ಕೆಳಗಿನ ಡಿವಿಷನ್ನಿನಲ್ಲಿ ಹಾಯಾಗಿ ಇತ್ತು. ಹೋದ ವರ್ಷದ ಕೊನೆಯ ಪಂದ್ಯದಲ್ಲಿ ಎದುರಾಳಿ ಗೋಲ್‌ಕೀಪರ್ ಜಾರಿ ಬಿದ್ದ. ಯಾರೂ ಒದೆಯದ ಚೆಂಡು ತಾನಾಗಿ ಉರುಳಿ ಬಲೆ ಸೇರಿತು. ಕ್ಲಬ್ಬು ಮೇಲಿನ ಡಿವಿಷನ್ನಿಗೆ ಏರಿತು. ಊರೆಲ್ಲ ಕುಣಿಯಿತು. ಮರುವಾರ ದಪ್ಪನೆಯ ನಿಯಮಗಳ ಪುಸ್ತಕ ಬಂತು. ಒಂದು ಜೊತೆ ಜೆರ್ಸಿ ಇದ್ದಲ್ಲಿ ಮೂರು ಬಣ್ಣದ ಮೂರು ಜೊತೆ ಇರಬೇಕು, ಬೆನ್ನ ಮೇಲೆ ಸಂಖ್ಯೆಯ ಜೊತೆ ಹೆಸರೂ ಇರಬೇಕು. ಹೆಸರು ಹೊಲಿಯುವ ಕೆಲಸ ದರ್ಜಿಯಾದ ಅಕ್ಕನ ಯಜಮಾನರ ಪಾಲಿಗೆ ಬಂತು. ಒಬ್ಬ ಆಟಗಾರನ ಹೆಸರು ಎಷ್ಟು ಉದ್ದವೆಂದರೆ ಒಂದು ಕಂಕುಳಲ್ಲಿ ಶುರುವಾಗಿ ಇನ್ನೊಂದು ಕಂಕುಳಲ್ಲಿ ಮುಗಿಯುತ್ತದೆ. "ಅವನು ಕೈ ಎತ್ತಿದಾಗಲೇ ಪೂರ್ತಿ ಓದಕ್ಕಾಗೋದು" ಎನ್ನುತ್ತಾರೆ ಯಜಮಾನರು, ಬಾಯಲ್ಲಿ ಸೂಜಿ ಕಚ್ಚಿಕೊಂಡೇ.

"ಮೇಲಕ್ಕೆ ಹೋದದ್ದು ಅವರು, ರಾಶಿ ಬಿದ್ದದ್ದು ನನ್ನ ಮುಂದೆ," ಎಂದು ನಗುತ್ತಾರೆ ಸೋಪಕ್ಕ. ಪಂದ್ಯ ಮುಗಿದ ಮರುದಿನ ಐವತ್ನಾಲ್ಕು ಜೆರ್ಸಿ, ಮೂವತ್ತಾರು ಚಡ್ಡಿ, ನಲವತ್ತು ಟವೆಲ್. ಕಾಲುಚೀಲ ಲೆಕ್ಕಕ್ಕೇ ಸಿಗುವುದಿಲ್ಲ. ಎಷ್ಟು ಬಾರಿ ಎಣಿಸಿದರೂ ಬೆಸ ಸಂಖ್ಯೆಯೇ ಬರುತ್ತದೆ. "ಈ ಕ್ಲಬ್ಬಲ್ಲಿ ಯಾರಿಗೋ ಒಂದೇ ಕಾಲು. ಯಾರು ಅಂತ ಇನ್ನೂ ಸಿಕ್ಕಿಲ್ಲ."

ಸೋಜಿಗವೆಂದರೆ ಅಕ್ಕ ಈತನಕ ಒಂದು ಪಂದ್ಯವನ್ನೂ ನೋಡಿದವರಲ್ಲ. ಆಟ ನಡೆಯುವ ಹೊತ್ತಿಗೆ ಅವರಿಗೆ ಒಣಹಾಕುವ ಕೆಲಸ. ಆದರೆ ಸಂಜೆ ಬಟ್ಟೆಯ ಗಂಟು ಬಿಚ್ಚಿದರೆ ಆಟವೆಲ್ಲ ಕಣ್ಣಿಗೆ ಕಟ್ಟಿದಂತೆ ಹೇಳುತ್ತಾರೆ. ಈ ವರ್ಷ ಮೊದಲ ಎಂಟು ಪಂದ್ಯವೂ ಸೋಲು, ಹೊಡೆಸಿಕೊಂಡ ಗೋಲು ಮೂವತ್ತೊಂದು. ಹಿಂದೆ ಕೊಡವಿ ನೇತುಹಾಕಿದರೆ ಸಾಕಾಗುತ್ತಿದ್ದ ಗೋಲ್‌ಕೀಪರನ ಜೆರ್ಸಿಯನ್ನು ಈಗ ಎರಡೆರಡು ಸಲ ನೆನೆಸಬೇಕು. ಗೋಲು ಹೊಡೆಯಬೇಕಾದ ಮುಂಚೂಣಿ ಆಟಗಾರನದು ಮಾತ್ರ ಹೋದಂತೆಯೇ ಮರಳಿ ಬರುತ್ತದೆ. ಚೆಂಡು ಅವನ ಬಳಿ ಸುಳಿದರೆ ತಾನೆ? ಒಮ್ಮೆ ಅಕ್ಕ ಅದನ್ನು ಮೂಸಿ ನೋಡಿ, ಮಡಚಿ, ಸೀದಾ ಕಪಾಟಿಗೆ ಇಟ್ಟುಬಿಟ್ಟರು. ಅವನಿಗೆ ಗೊತ್ತಾಗಿ ಮುಖ ಊದಿಸಿಕೊಂಡು ಬಂದ.

"ಅಕ್ಕಾ, ನನ್ನದು ಯಾಕೆ ಒಗೀಲಿಲ್ಲ?"

"ಕೊಳೆ ಆಗಿದ್ರೆ ತಾನೆ ಒಗೆಯೋದು, ಮಗಾ?"

ಮುಂದಿನ ಪಂದ್ಯದಲ್ಲಿ ಅವನು ಆಟ ಶುರುವಾಗುವ ಮೊದಲೇ ಕೆಸರಲ್ಲಿ ಎರಡು ಉರುಳು ಉರುಳಿದನಂತೆ.

ಇದಿಷ್ಟೂ ನಗೆಯ ಮಾತು. ಆರನೆಯ ಪಂದ್ಯದ ಗಂಟು ಬಿಚ್ಚಿದಾಗ ಮಾತ್ರ ಅಕ್ಕನಿಗೆ ನಗು ಬರಲಿಲ್ಲ. ಮೂರನೇ ನಂಬರ್ ಜೆರ್ಸಿ, ಅಂದರೆ ಕ್ಯಾಪ್ಟನ್ನನದು. ಎದುರಾಳಿಯ ಕಾಲಿಂದ ಚೆಂಡು ಕಸಿಯಲು ನೆಲಕ್ಕೆ ಜಾರಿ ಬೀಳುವುದೇ ಅವನ ಆಟ. ಹದಿನಾಲ್ಕು ವರ್ಷ ಎರಡೂ ಪಕ್ಕ ಹುಲ್ಲಿನ ಹಸಿರು ಬಳಿದುಕೊಂಡು ಬರುತ್ತಿದ್ದ ಜೆರ್ಸಿಯಲ್ಲಿ ಈಗ ಬಲಗಡೆ ಮಾತ್ರ ಕಲೆ. ಎಡಗಡೆ ಬೆಳ್ಳಗೆ. ಎಡಗಾಲಿನ ಚೀಲ ತಿರುಗಿಸಿದರೆ ನೋವಿನ ಮುಲಾಮಿನ ಘಾಟು.

ಅವನನ್ನು ಕರೆದು ಕೇಳಿದರು. ಅವನು ಆ ಕಡೆ ಈ ಕಡೆ ನೋಡಿ ಬಾಗಿಲು ಹಾಕಿದ. "ಅಕ್ಕ, ಕೋಚ್ ಸಾರ್‌ಗೆ ಮಾತ್ರ ಹೇಳ್ಬೇಡಿ. ನನಗೆ ಮೂವತ್ನಾಲ್ಕು. ಮೇಲಿನ ಡಿವಿಷನ್ ಆಡೋಕೆ ಇಷ್ಟು ವರ್ಷ ಕಾದಿದ್ದೀನಿ. ಒಂದ್ಸಲ ಹೊರಗೆ ಕೂತ್ರೆ ಮತ್ತೆ ಒಳಗೆ ಕರೆಯಲ್ಲ."

"ಡಾಕ್ಟರಿಗಾದ್ರೂ ತೋರಿಸು."

"ತೋರಿಸ್ತೀನಿ" ಎಂದ. ತೋರಿಸಲಿಲ್ಲ. ಬದಲಿಗೆ ಏಳನೇ ಪಂದ್ಯದ ಜೆರ್ಸಿಯ ಎಡಗಡೆಯೂ ಹಸಿರಾಗಿ ಬಂತು. ಅಕ್ಕ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. "ಜಾರಿ ಬಿದ್ದ ಕಲೆಗೆ ಒಂದು ದಿಕ್ಕಿರುತ್ತೆ, ಮೇಲಿಂದ ಕೆಳಕ್ಕೆ ಗೀರಿದ ಹಾಗೆ. ಇದು ರೌಂಡು ರೌಂಡಾಗಿತ್ತು. ಹುಲ್ಲು ಕಿತ್ತು ಕೈಯಲ್ಲಿ ಉಜ್ಜಿದ್ದಾನೆ! ಇಪ್ಪತ್ತು ವರ್ಷದ ಹತ್ತಿರ ಬಟ್ಟೆ ಒಗೆದವಳಿಗೆ ಟೋಪಿ ಹಾಕೋಕೆ ನೋಡ್ತಾನಲ್ಲ." ಈ ಮಾತು ಹೇಳುವಾಗ ಅಕ್ಕನ ಮುಖದಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚು. ಅವನು ವಾರದ ಉಳಿದ ಆರು ದಿನ ಬ್ರೆಡ್ ವ್ಯಾನ್ ಓಡಿಸುತ್ತಾನೆ. ಎಡಗಾಲು ಎಂದರೆ ಕ್ಲಚ್ ತುಳಿಯುವ ಕಾಲು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು.

ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅಕ್ಕ ಆ ಜೆರ್ಸಿಯನ್ನೂ ಒಗೆದು ಗೂಟಕ್ಕೆ ಹಾಕಿದರು. ಎಂಟನೇ ಪಂದ್ಯವೂ ಹಾಗೇ ಕಳೆಯಿತು. ಒಂಬತ್ತನೆಯದಕ್ಕೆ ಒಂದು ಗಂಟೆ ಇದೆ ಎನ್ನುವಾಗ ಹತ್ತು ಜನರ ಜೆರ್ಸಿ ಗೂಟಕ್ಕೆ ನೇತಾಡುತ್ತಿತ್ತು, ಮೂರನೇ ನಂಬರ್ ಇರಲಿಲ್ಲ. ಕೋಚ್ ಓಡೋಡಿ ಕೆಳಗೆ ಬಂದರು, ಛಾವಣಿಗೆ ಹಣೆ ಜಪ್ಪಿಸಿಕೊಂಡರು, ಹಣೆ ಉಜ್ಜುತ್ತಲೇ ಕೇಳಿದರು: "ಅಕ್ಕಾ, ಮೂರನೇ ನಂಬರ್ ಎಲ್ಲಿ?"

"ನೆನೆಸಿಟ್ಟಿದ್ದೀನಿ ಸಾರ್."

"ಇವತ್ತಿನ ಪಂದ್ಯದ್ದನ್ನಾ? ಹೋಗ್ಲಿ, ಬೇರೆ ಬಣ್ಣದ್ದು?"

"ಮೂರೂ ಬಣ್ಣದ್ದು ಅದೇ ಬಕೆಟ್ಟಲ್ಲಿದೆ."

ಹೆಸರಿಲ್ಲದ ಜೆರ್ಸಿಯಲ್ಲಿ ಆಡಿಸುವಂತಿಲ್ಲ, ಪುಸ್ತಕದ ನಿಯಮ. ಕೋಚ್ ತಲೆ ಮೇಲೆ ಕೈ ಹೊತ್ತು ನಿಂತರು. ಅವರ ಹಿಂದೆಯೇ ಬಂದ ಕ್ಯಾಪ್ಟನ್ ಬಕೆಟ್ಟನ್ನೂ ಅಕ್ಕನನ್ನೂ ನೋಡಿದ. ಅಕ್ಕ ಈಗ ನೆನೆಸಿಕೊಳ್ಳುತ್ತಾರೆ: "ನಾನು ಹೇಳಿದ್ರೆ ಚಾಡಿ ಆಗುತ್ತೆ. ಅವನೇ ಹೇಳ್ಲಿ ಅಂತ ಸುಮ್ನೆ ನೊರೆ ತಿರುವ್ತಾ ಇದ್ದೆ." ಕೊನೆಗೆ ಕ್ಯಾಪ್ಟನ್ ನಲ್ಲಿಯ ಕಟ್ಟೆಯ ಮೇಲೆ ಕೂತು, ಕಾಲುಚೀಲ ಕೆಳಗಿಳಿಸಿ, ಬದನೆಕಾಯಿಯಷ್ಟು ಊದಿದ ಮಂಡಿ ತೋರಿಸಿದ.

ಮಂಡಿಯ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಅರ್ಧ ಹರಿದಿದೆ, ಇನ್ನೊಂದು ಸಲ ಬಿದ್ದಿದ್ದರೆ ಪೂರ್ತಿ ಹೋಗುತ್ತಿತ್ತು ಎಂದರು ಡಾಕ್ಟರು. ಅಂದಿನ ಪಂದ್ಯವನ್ನು ಅವನಿಲ್ಲದೆ ಕ್ಲಬ್ಬು ನಾಲ್ಕು ಗೋಲಿನಿಂದ ಸೋತಿತು. ಸೋಪಕ್ಕನಿಂದಲೇ ಸೋತೆವೆಂದು ಗ್ಯಾಲರಿಯಲ್ಲಿ ಗೊಣಗಾಟ ಎದ್ದಿತು. "ಹೋದ ವಾರ ಐದು ತಿಂದಿದ್ರು. ನಾನು ಒಂದು ಉಳಿಸಿಕೊಟ್ಟಿದ್ದೀನಿ" ಎಂದು ಅಕ್ಕ ಲೆಕ್ಕ ಒಪ್ಪಿಸಿದರು.

ಕ್ಯಾಪ್ಟನ್ ಹನ್ನೊಂದು ದಿನ ಮಾತು ಬಿಟ್ಟ. ಹನ್ನೆರಡನೇ ದಿನ ಊರುಗೋಲು ಹಿಡಿದು ಬಂದು ಕಾಲುಚೀಲ ಜೋಡಿಸಲು ಕೂತ. ಈಗ ಆರು ತಿಂಗಳಿಂದ ಅದೇ ಅವನ ಸಂಜೆಯ ಕೆಲಸ. ಜೋಡಿ ಮಾತ್ರ ಒಂದೂ ಸರಿಯಿಲ್ಲ. "ಅಕ್ಕ ಅಡ್ಡ ಹಾಕದಿದ್ರೆ ನಾನು ವ್ಯಾನೂ ಓಡಿಸ್ತಿರ್ಲಿಲ್ಲ," ಎನ್ನುತ್ತಾನೆ, ಒಂದು ನೀಲಿ ಒಂದು ಕೆಂಪು ಚೀಲವನ್ನು ಮುತುವರ್ಜಿಯಿಂದ ಮಡಚುತ್ತ. ಅಕ್ಕ ಅತ್ತ ತಿರುಗಿ ಅದನ್ನು ಸದ್ದಿಲ್ಲದೆ ಬಿಚ್ಚುತ್ತಾರೆ.

ಹನ್ನೆರಡನೇ ಪಂದ್ಯದಲ್ಲಿ ಗೋಲಿಲ್ಲದ ಡ್ರಾ ಆಗಿ ಮೊದಲ ಪಾಯಿಂಟು ಸಿಕ್ಕಿತು. ಆ ಸಂಜೆ ಗಂಟಿನಲ್ಲಿ ಹನ್ನೊಂದು ಜೆರ್ಸಿಯೂ ಒಂದೇ ಸಮ ಕೆಸರು. "ಯಾರೂ ಹೇಳೋದು ಬೇಕಿರಲಿಲ್ಲ. ಅವತ್ತು ನೀರು ಐದು ಸಲ ಬದಲಾಯಿಸ್ದೆ. ಖುಷಿಯಾಗಿ ಬದಲಾಯಿಸ್ದೆ."

ಇನ್ನು ಉಳಿದಿರುವುದು ಮೂರು ಪಂದ್ಯ. ಕ್ಲಬ್ಬು ಪಟ್ಟಿಯ ತಳದಿಂದ ಎರಡನೆಯ ಸ್ಥಾನದಲ್ಲಿದೆ. ಕೆಳಗಿನ ಎರಡು ತಂಡ ಹಳೆಯ ಡಿವಿಷನ್ನಿಗೆ ಮರಳಬೇಕು. ಡಾಕ್ಟರ ಒಪ್ಪಿಗೆ ಸಿಕ್ಕಿರುವ ಕ್ಯಾಪ್ಟನ್ ಈ ಭಾನುವಾರ ಅರ್ಧ ಹೊತ್ತು ಆಡುತ್ತಾನೆ. ಅವನ ಜೆರ್ಸಿ ಇಸ್ತ್ರಿಯಾಗಿ ಮೊದಲ ಗೂಟಕ್ಕೆ ಏರಿದೆ.

ಇಷ್ಟು ದುಡಿದ ಮೇಲೂ ತಂಡ ಕೆಳಗಿಳಿದರೆ ಬೇಜಾರಾಗುವುದಿಲ್ಲವೇ ಎಂದರೆ ಸೋಪಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಇಳಿದ್ರೆ ಇಳೀಲಿ ಬಿಡಿ, ಆಟ ಅಂದ್ಮೇಲೆ ಇದ್ದದ್ದೇ. ಆದ್ರೆ ನನ್ನ ಹುಡುಗ್ರು ಇಳಿದ್ರೂ ಒಗೆದ ಬಟ್ಟೇಲೇ ಇಳೀತಾರೆ."