ಗೆರೆಯ ಆಚೆ, ಗೆರೆಯ ಈಚೆ, ಗೆರೆಯ ಮೇಲೆ

ಕಡೂರಿನಲ್ಲಿ ನಮ್ಮದು ಒಂದೇ ಮಳಿಗೆ, ನಡುವೆ ಪ್ಲೈವುಡ್ಡಿನ ಅಡ್ಡಗೋಡೆ. ರಸ್ತೆ ಕಡೆಯ ಭಾಗದಲ್ಲಿ ನಮ್ಮ ಮನೆಯವರು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಾರೆ. ಒಳಭಾಗದಲ್ಲಿ ನಾನು ಬ್ಲೌಸ್ ಹೊಲಿಯುತ್ತೇನೆ. ಇಪ್ಪತ್ತು ವರ್ಷ ಅವರ ಕೆಲಸಕ್ಕೆ ನಾನು ಕೈಹಾಕಿದವಳಲ್ಲ, ನನ್ನ ಕತ್ತರಿಯನ್ನು ಅವರು ಮುಟ್ಟಿದವರಲ್ಲ.

ಆ ಕಟ್ಟುಪಾಡು ಮುರಿದದ್ದು ಒಂದು ಪುಟ್ಟ ಸಿ.ಎನ್.ಸಿ. ಯಂತ್ರದಿಂದ. ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಓಡಾಡಿ ಮರ, ಪ್ಲಾಸ್ಟಿಕ್ ಕೊರೆಯುವ ಯಂತ್ರ ಅದು. ಕಾರ್ಖಾನೆಯದಲ್ಲ, ಹವ್ಯಾಸಕ್ಕೆಂದು ಮಾರುವಂಥದ್ದು; ಇಡೀ ಯಂತ್ರ ನನ್ನ ಹೊಲಿಗೆ ಮೇಜಿನ ಅರ್ಧಕ್ಕಿಂತ ಚಿಕ್ಕದು. ಇವರು ತರಿಸಿದ್ದು, ಬಿಡಿ ಭಾಗಗಳಾಗಿ ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ಬಂತು. ಇವರು ನಾಲ್ಕು ದಿನ ಕೂತು ಒಂದು ಸ್ಕ್ರೂ ಉಳಿಯದ ಹಾಗೆ ಜೋಡಿಸಿದರು. ಸ್ವಿಚ್ ಹಾಕಿದಾಗ ಅದು ಮೂರೂ ದಿಕ್ಕಿಗೆ ಸರಿದಾಡಿತು. ಅಷ್ಟಕ್ಕೇ ಇವರ ಮುಖ ನೋಡಬೇಕಿತ್ತು.

ತೊಡಕು ಶುರುವಾದದ್ದು ಆಮೇಲೆ. ನಾವು ಬರೆದ ಚಿತ್ರ ಯಂತ್ರಕ್ಕೆ ಅರ್ಥವಾಗುವುದಿಲ್ಲ. ಕೊರೆಯುವ ಮೊಳೆ, ಅಂದರೆ ಬಿಟ್, ಎಲ್ಲಿ ಇಳಿಯಬೇಕು, ಎಷ್ಟು ಆಳ, ಯಾವ ದಾರಿ ಎಂದು ಚಿತ್ರವನ್ನು ಆಜ್ಞೆಗಳಾಗಿ ಬದಲಿಸಿಕೊಡಲು ಬೇರೆಯೇ ಒಂದು ಸಾಫ್ಟ್‌ವೇರ್ ಬೇಕು. ಅದಕ್ಕೆ ಕ್ಯಾಮ್ ಎನ್ನುತ್ತಾರೆ. ಮೊಬೈಲಿನ ವಿಡಿಯೋಗಳಲ್ಲಿ ಎಲ್ಲರೂ ಹೊಗಳುತ್ತಿದ್ದ ದೊಡ್ಡ ಸಾಫ್ಟ್‌ವೇರನ್ನೇ ಇವರು ಹಾಕಿಸಿಕೊಂಡರು. ನಮ್ಮದು ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪ್. ಅದು ತೆರೆದುಕೊಳ್ಳುವಷ್ಟರಲ್ಲಿ ನಾನು ಎರಡು ಬ್ಲೌಸಿಗೆ ಹುಕ್ಕು ಹಾಕಿ ಮುಗಿಸುತ್ತಿದ್ದೆ. ತೆರೆದ ಮೇಲೂ ಪರದೆಯ ತುಂಬ ಗುಂಡಿಗಳು, ಪ್ರಶ್ನೆಗಳು.

ಸ್ಟಾರ್ಟರ್ ಪೆಟ್ಟಿಗೆಯೊಂದಕ್ಕೆ ಮುಚ್ಚಳ ಕತ್ತರಿಸಲು ಹೊರಟರು. ಮೊದಲನೆಯದು ಚಿಕ್ಕದಾಯಿತು. ಅಳತೆ ತಪ್ಪಿರಬೇಕೆಂದು ಮತ್ತೆ ಬರೆದರು. ಎರಡನೆಯದೂ ಚಿಕ್ಕದಾಯಿತು, ಮೂರನೆಯದೂ. ಯಂತ್ರವೇ ಸರಿಯಿಲ್ಲ, ವಾಪಸ್ ಕಳಿಸುತ್ತೇನೆ ಎಂದು ಬೇಜಾರಿನಲ್ಲಿ ಹೇಳಿ ಟೀ ಕುಡಿಯಲು ಹೋದರು. ನಾನು ಸುಮ್ಮನೆ ಆ ಮೂರು ತುಂಡುಗಳನ್ನು ಎತ್ತಿಕೊಂಡು ಅಳತೆ ಪಟ್ಟಿ ಇಟ್ಟು ನೋಡಿದೆ. ಮೂರೂ ಒಂದೇ ಸಮ, ಮೂರು ಮಿಲಿಮೀಟರ್ ಕಡಿಮೆ. ಬಿಟ್ ಬಿಚ್ಚಿಟ್ಟಿದ್ದರು, ಅದರ ದಪ್ಪವನ್ನೂ ನೋಡಿದೆ. ಅದೂ ಮೂರು.

ಅವರು ವಾಪಸ್ ಬಂದಾಗ, ಸಾಫ್ಟ್‌ವೇರ್ ಕೊನೆಯಲ್ಲಿ ಏನು ಕೇಳಿತ್ತು, ಏನು ಒತ್ತಿದಿರಿ ಎಂದು ವಿಚಾರಿಸಿದೆ.

"ಗೆರೆಯಿಂದ ಆಚೆ, ಈಚೆ, ಗೆರೆ ಮೇಲೆ ಅಂತ ಮೂರು ಕೇಳ್ತೈತೆ ಕಣೇ. ಗೆರೆ ಮೇಲೆ ಅಂತ ಒತ್ತಿದೆ. ಗೆರೆ ಬರೆದಿರೋದೇ ಅದರ ಮೇಲೆ ಕತ್ತರಿಸ್ಲಿ ಅಂತ ತಾನೇ?"

"ನಾನು ಬ್ಲೌಸ್ ಪೀಸು ಗೆರೆ ಮೇಲೇ ಕತ್ತರಿಸಿದ್ರೆ ಯಾರ ಮೈಗೂ ಆಗಲ್ಲ ಕಣ್ರೀ," ಅಂದೆ. "ಹೊಲಿಗೆಗೆ ಅಂತ ಅರ್ಧ ಇಂಚು ಬಿಟ್ಟು ಆಚೆ ಕತ್ತರಿಸ್ತೀನಿ. ನಿಮ್ಮ ಬಿಟ್ಟಿಗೂ ಒಂದು ದಪ್ಪ ಐತಲ್ಲ, ಅದು ಎರಡೂ ಕಡೆ ಅರ್ಧರ್ಧ ತಿಂದ್ಬಿಟ್ಟೈತೆ."

ಅವರು 'ಆಚೆ' ಎಂದು ಒತ್ತಿ ನಾಲ್ಕನೆಯ ಮುಚ್ಚಳ ಕತ್ತರಿಸಿದರು. ಪೆಟ್ಟಿಗೆಯ ಮೇಲಿಟ್ಟರೆ ಕೂದಲೆಳೆಯೂ ತೂರದ ಹಾಗೆ ಕೂತಿತು. ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡು, ಇನ್ನು ಮೇಲೆ ಲ್ಯಾಪ್‌ಟಾಪ್ ನಿನ್ನ ಕಡೆಯೇ ಇರಲಿ ಅಂದರು.

ನನಗೆ ಆ ದೊಡ್ಡ ಸಾಫ್ಟ್‌ವೇರ್ ಒಗ್ಗಲಿಲ್ಲ. ಹೊಲಿಗೆ ಯಂತ್ರ ಕೊಳ್ಳುವಾಗ ನಾನು ಮನೆಯಿಂದಲೇ ಬಟ್ಟೆ ಒಯ್ದು, ಅಂಗಡಿಯಲ್ಲಿರುವ ಎಲ್ಲಾ ಯಂತ್ರದ ಮೇಲೂ ಅದೇ ಬಟ್ಟೆ ಹೊಲಿದು ನೋಡುವವಳು. ಇಲ್ಲೂ ಹಾಗೇ ಮಾಡೋಣವೆಂದು ಇನ್ನೂ ಎರಡು ಸಾಫ್ಟ್‌ವೇರ್ ಹುಡುಕಿದೆ. ಒಂದು ಇಂಟರ್‌ನೆಟ್ಟಿನಲ್ಲೇ ನಡೆಯುವುದು, ನೋಡಲು ಅಂದವಾಗಿತ್ತು. ಇನ್ನೊಂದು ಹಳೇ ಕಾಲದ್ದರ ಹಾಗೆ ಕಾಣುವ, ಲ್ಯಾಪ್‌ಟಾಪಿನೊಳಗೇ ಕೂರುವ ಚಿಕ್ಕದು. ಮೂರಕ್ಕೂ ಕೊಟ್ಟ ಪರೀಕ್ಷೆ ಒಂದೇ: ಅಂಗೈಯಗಲದ ಚೌಕ, ಅದರ ನಡುವೆ ದುಂಡನೆಯ ತೂತು. ಕಷ್ಟವೋ ಸುಖವೋ, ಮೂರರಲ್ಲೂ ಅದು ಬಂತು. ಹಾಗಾಗಿ ಯಾವುದು ಮೇಲು ಎಂದು ಆ ವಾರ ತೀರ್ಮಾನವಾಗಲಿಲ್ಲ.

ಅಷ್ಟರಲ್ಲಿ ಲಗ್ನಗಳು ಶುರುವಾದವು. ಸಿಂಗಟಗೆರೆಯ ಒಂದೇ ಮನೆಯಿಂದ ಹದಿನಾಲ್ಕು ಬ್ಲೌಸ್ ಬಂದಿದ್ದವು. ಎರಡು ವಾರ ಲ್ಯಾಪ್‌ಟಾಪಿನ ಮೇಲೆ ಬಟ್ಟೆಯೇ ಬಿದ್ದಿತ್ತು. ಬಿಡುವಾದ ಮೇಲೆ, ಬರೆದಿಟ್ಟುಕೊಂಡದ್ದನ್ನು ನೋಡದೆ ಅದೇ ಚೌಕವನ್ನು ಮತ್ತೆ ಮೂರರಲ್ಲೂ ಮಾಡಲು ಕೂತೆ. ದೊಡ್ಡದರಲ್ಲಿ ಎಲ್ಲಿ ಶುರುಮಾಡಬೇಕೆಂಬುದೇ ಮರೆತುಹೋಗಿತ್ತು. ಎರಡನೆಯದರಲ್ಲಿ ಅರ್ಧ ಮಾಡುವಷ್ಟರಲ್ಲಿ ನೆಟ್ ಹೋಯಿತು, ಮಾಡಿದ್ದೂ ಹೋಯಿತು. ಚಿಕ್ಕದು ಮಾತ್ರ ಐದು ಪ್ರಶ್ನೆ ಕೇಳಿತು: ಬಿಟ್ ದಪ್ಪ ಎಷ್ಟು, ಒಟ್ಟು ಆಳ ಎಷ್ಟು, ಒಂದು ಸಲಕ್ಕೆ ಎಷ್ಟು ಇಳಿಯಲಿ, ಎಷ್ಟು ವೇಗ, ಗೆರೆಯ ಯಾವ ಕಡೆ. ಉತ್ತರ ಕೊಟ್ಟೆ. ಬಿಟ್ ಓಡಾಡುವ ದಾರಿಯನ್ನು ಮೊದಲು ಪರದೆಯ ಮೇಲೇ ತೋರಿಸಿತು. ಸರಿಯಿದೆ ಅನ್ನಿಸಿತು, ಕತ್ತರಿಸಿದೆ. ಎರಡು ವಾರ ಮರೆತಿದ್ದು ಬಂದರೂ ಕೈಗೆ ಸಿಗುವುದೇ ಸುಲಭದ್ದು ಎಂದು ಅವತ್ತು ನಿರ್ಧಾರ ಮಾಡಿದೆ. ದೊಡ್ಡದನ್ನು ತೆಗೆದುಹಾಕಿದೆ, ನೆಟ್ಟಿನದನ್ನು ಮತ್ತೆ ತೆರೆಯಲಿಲ್ಲ. ವಿಡಿಯೋದವರೆಲ್ಲ ಹೊಗಳಿದ್ದನ್ನೇ ತೆಗೀತೀಯಲ್ಲ ಎಂದು ಇವರು ಒಮ್ಮೆ ಕೇಳಿದರು, ಮತ್ತೆ ಕೇಳಲಿಲ್ಲ.

ಲಿಂಗದಹಳ್ಳಿ ಕಡೆಯ ಪ್ರಾಥಮಿಕ ಶಾಲೆಯೊಂದರ ಟೀಚರ್ ನನ್ನ ಹತ್ತಿರ ಬ್ಲೌಸ್ ಹೊಲಿಸುತ್ತಾರೆ. ಅವರು ಒಂದು ದಿನ ನಾನು ಕೈ ಪಳಗಲೆಂದು ಕೊರೆದಿಟ್ಟ ಹಲಗೆಗಳನ್ನು ನೋಡಿ, ಒಂದನೇ ತರಗತಿಯ ಮಕ್ಕಳು ಬೆರಳಿಟ್ಟು ತಿದ್ದುವ ಹಾಗೆ ಅಕ್ಷರಗಳನ್ನು ಮರದಲ್ಲಿ ಕೊರೆದುಕೊಡಲು ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ ಎಂದುಬಿಟ್ಟೆ. ಕೂತು ನೋಡಿದಾಗ ಗೊತ್ತಾಯಿತು, ಕಂಪ್ಯೂಟರಿನ ಅಕ್ಷರಕ್ಕೆ ಎರಡು ಅಂಚು. ಅದನ್ನು ಕೊರೆದರೆ ಅಕ್ಷರದ ಸುತ್ತ ಜೋಡಿ ಗೆರೆ ಬರುತ್ತದೆ. ಮಗುವಿನ ಬೆರಳು ಯಾವುದರಲ್ಲಿ ಹೋಗಬೇಕು? ತಿದ್ದಲು ಬೇಕಾದದ್ದು ಒಂದೇ ಗೆರೆ.

ಎರಡು ದಿನ ಅಕ್ಷರಗಳ ಬೇರೆ ಬೇರೆ ಮಾದರಿ ಹುಡುಕಿದೆ. ಆಮೇಲೆ ಹುಡುಕುವುದನ್ನು ಬಿಟ್ಟು, ಅ ದಿಂದ ಳ ವರೆಗೆ ನಲವತ್ತೊಂಬತ್ತನ್ನೂ ನಾನೇ ಬರೆಯಲು ಕೂತೆ. ಮೊದಲು ಕಾಗದದ ಮೇಲೆ, ಆಮೇಲೆ ಅದರ ಫೋಟೋ ತೆಗೆದು ಲ್ಯಾಪ್‌ಟಾಪಿನಲ್ಲಿ ಮೌಸ್ ಹಿಡಿದು ಅದರ ಮೇಲೆ ಒಂಟಿ ಗೆರೆ ಎಳೆದೆ. ಞ ಬರೆದು ಎಷ್ಟು ವರ್ಷವಾಗಿತ್ತೋ, ಏಳು ಸಲ ಬರೆದ ಮೇಲೆ ನನಗೇ ಒಪ್ಪಿಗೆಯಾಯಿತು. ಸಾಫ್ಟ್‌ವೇರಿನಲ್ಲಿ ಈ ಸಲ 'ಗೆರೆ ಮೇಲೆ' ಎಂದೇ ಒತ್ತಿದೆ. ಬೆರಳಿಗೆ ಚುಚ್ಚದ ಹಾಗೆ ದುಂಡು ಮೂತಿಯ ಬಿಟ್ ಹಾಕಿದೆ. ಮೊದಲ ಹಲಗೆಯಲ್ಲಿ ಹಲಗೆಯ ದಪ್ಪವನ್ನೇ ಆಳ ಎಂದು ಕೊಟ್ಟು ಬಿಟ್ ಮುರಿದೆ; ತಪ್ಪು ಪೂರ್ತಿ ನನ್ನದೇ. ಎರಡನೆಯದು ಸರಿ ಬಂತು. ಅಕ್ಷರ ಎಲ್ಲಿಂದ ಶುರುವಾಗಬೇಕೋ ಅಲ್ಲಿ ಬೇಳೆಯಷ್ಟಗಲದ ಒಂದು ಗುಳಿಯನ್ನೂ ಸೇರಿಸಿದೆ. ಅದನ್ನು ಟೀಚರ್ ಕೇಳಿರಲಿಲ್ಲ.

ಹಲಗೆ ಕೊಟ್ಟವರು ತರೀಕೆರೆಯ ಬಡಗಿ ಮೇಸ್ತ್ರಿ. ಅವರ ಮನೆಯವರು ನಾಲ್ಕು ತಲೆಮಾರಿನಿಂದ ಬಾಗಿಲ ಕೆತ್ತನೆ ಮಾಡುತ್ತ ಬಂದವರು. ಅವರ ಗರಗಸದ ಮೋಟಾರು ಸುಟ್ಟಾಗಲೆಲ್ಲ ನಮ್ಮಲ್ಲಿಗೇ ತರುತ್ತಾರೆ. ಬಾಗಿಲು ಮಾಡಿ ಉಳಿದ ತೇಗದ ತುಂಡುಗಳನ್ನು ಅವರೇ ಸಮ ಮಾಡಿ ಕೊಟ್ಟಿದ್ದರು. ಕೊರೆದ ಹಲಗೆಗಳನ್ನು ತೋರಿಸಲು ಅವರ ಅಂಗಡಿಗೆ ಹೋದೆ. ಯಂತ್ರದ ಕೆತ್ತನೆಯೆಂದರೆ ಅವರಿಗೆ ಅಷ್ಟಕ್ಕಷ್ಟೇ, ಅದು ನನಗೆ ಗೊತ್ತಿತ್ತು. ಕನ್ನಡಕ ಹಾಕಿಕೊಂಡು ಒಂದೊಂದೇ ಹಲಗೆ ತೆಗೆದು ಗುಳಿಯಲ್ಲಿ ಹೆಬ್ಬೆರಳಿಟ್ಟು ಕೊನೆಯವರೆಗೂ ಎಳೆದರು. ಹತ್ತು ಹನ್ನೆರಡು ಹಲಗೆ ಆದ ಮೇಲೆ ತಲೆಯೆತ್ತಿದರು.

"ಕೊರೆದಿರೋದು ಯಂತ್ರ, ಒಪ್ದೆ. ಬರೆದಿರೋದು ಯಾರಮ್ಮ?"

"ನಾನೇ ಮೇಸ್ತ್ರಿಗಳೇ."

"ಹಂಗನ್ನಿ. ಇದು ಕೈಕೆಲಸಾನೇ," ಅಂದು ತಮ್ಮ ಕೆಲಸಗಾರರಿಬ್ಬರನ್ನೂ ಕರೆದು ಹಲಗೆಗಳನ್ನು ಅವರ ಕೈಗೆ ಕೊಟ್ಟರು.

ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಆ ಅಂಗಡಿಯಲ್ಲಿ ಹೊಗಳಿಕೆ ಎಷ್ಟು ಅಪರೂಪ ಎಂದು ಇವರು ಎಷ್ಟೋ ಸಲ ಹೇಳಿದ್ದರು.

ಹಲಗೆಗಳನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು, ತರೀಕೆರೆಯಲ್ಲಿ ಬಸ್ ಬದಲಾಯಿಸಿ ಶಾಲೆಗೆ ನಾನೇ ಒಯ್ದೆ. ಟೀಚರ್ ಅವುಗಳನ್ನು ಜಮಖಾನೆಯ ಮೇಲೆ ಹರಡಿ, ಯಾವುದು ಬೇಕೋ ತೆಗೆದುಕೊಳ್ಳಿ ಎಂದರು. ಜಗಳವೇ ಆಯಿತು. ಎರಡು ಜಡೆಯ ಹುಡುಗಿಯೊಬ್ಬಳು 'ಕ' ಹಿಡಿದುಕೊಂಡು ಮೂಲೆಗೆ ಹೋದಳು. ಗುಳಿಯನ್ನು ಯಾರೂ ತೋರಿಸಿಕೊಡಲಿಲ್ಲ. ಬೆರಳು ತಾನಾಗಿ ಅಲ್ಲಿಂದಲೇ ಶುರುವಾಯಿತು. ಆರೇಳು ಸಲ ತಿದ್ದಿದ ಮೇಲೆ ಹಲಗೆ ಪಕ್ಕಕ್ಕಿಟ್ಟು ಸ್ಲೇಟಿನ ಮೇಲೆ ಬರೆದಳು. ನನ್ನ 'ಕ' ಸ್ವಲ್ಪ ಬಲಕ್ಕೆ ವಾಲುತ್ತದೆ, ಚಿಕ್ಕಂದಿನಿಂದಲೂ ಹಾಗೇ. ಅವಳ 'ಕ' ಕೂಡ ವಾಲಿತ್ತು. ಟೀಚರಿಗೆ ಅದು ಕಂಡಿತೋ ಇಲ್ಲವೋ, ನಾನು ಹೇಳಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅದನ್ನೇ ನೆನೆದುಕೊಂಡು ಒಬ್ಬಳೇ ನಕ್ಕೆ.

ಈಗ ಮೇಸ್ತ್ರಿಗಳು ಬಾಗಿಲಿನ ಹೂಬಳ್ಳಿಗಳನ್ನು ಕಾಗದದಲ್ಲಿ ಬರೆದು ಕಳಿಸುತ್ತಾರೆ. ದೊಡ್ಡ ಗೆರೆಗಳನ್ನು ನಾನು ಕೊರೆದು ಕೊಡುತ್ತೇನೆ, ಸಣ್ಣ ಕೆಲಸವನ್ನು ಅವರು ಉಳಿಯಲ್ಲಿ ಮುಗಿಸುತ್ತಾರೆ. ಶಿವನಿ ಹತ್ತಿರದ ಇನ್ನೊಂದು ಶಾಲೆಗೂ ಅಕ್ಷರಗಳು ಹೋದವು.

ಹೋದ ತಿಂಗಳು ಅಜ್ಜಂಪುರದಿಂದ ಒಬ್ಬರು ಫೋನ್ ಮಾಡಿದ್ದರು. ಅವರೂ ಇಂಥದೇ ಯಂತ್ರ ತರಿಸಿದ್ದಾರಂತೆ, ಯಾವ ಸಾಫ್ಟ್‌ವೇರ್ ಹಾಕಿಸಲಿ ಎಂದು ತಿಳಿಯದೆ ಮೂಲೆಯಲ್ಲಿ ಇಟ್ಟಿದ್ದಾರಂತೆ. ಅಡ್ಡಗೋಡೆಯ ಆಚೆಯಿಂದ ಇವರ ಮಾತು ಕೇಳಿಸಿತು.

"ನಂಗೆ ಜೋಡಿಸೋದಷ್ಟೇ ಗೊತ್ತು ಕಣ್ರೀ. ಅದರ ವಿದ್ಯೆಯೆಲ್ಲಾ ನಮ್ಮ ಮನೆಯವಳ್ದು. ತಡೀರಿ, ಅವಳಿಗೇ ಕೊಡ್ತೀನಿ."

ಅವರು ಗಂಡಹೆಂಡತಿ ಇಬ್ಬರೂ ಭಾನುವಾರ ಲ್ಯಾಪ್‌ಟಾಪ್ ಸಮೇತ ಬಂದರು. ಹೆಂಡತಿಯನ್ನೇ ಪರದೆಯ ಮುಂದೆ ಕೂರಿಸಿ ಹೇಳಿಕೊಟ್ಟೆ. ಮಧ್ಯಾಹ್ನ ಊಟದ ಹೊತ್ತಿಗೆ ಆಕೆ ತನ್ನ ಕೈಯಾರೆ ಒಂದು ಹಲಗೆ ಕೊರೆದು, ಮರದ ಪುಡಿ ಊದಿ, ಗಂಡನ ಮುಂದೆ ಹಿಡಿದಳು.